ರದ್ದಿರಾಯರ ಒಂದನೇ ಸಂಚಿಕೆ

ರದ್ದಿರಾಯರಿಗೆ ಆ ಶನಿವಾರ ಕಟಿಂಗ್ ಮಾಡಿಸಿಕೊಳ್ಳುವ ಅಗತ್ಯ ಒಂದಿಷ್ಟೂ ಇರಲಿಲ್ಲ. ಮೂರು ದಿನದ ಹಿಂದೆ ತಾನೇ ಆಫೀಸಿನ ಪಕ್ಕದ ಅಂಗಡಿಯಲ್ಲಿ ಮಾಡಿಸಿಕೊಂಡಿದ್ದರು. ಪದೇ ಪದೇ ಕತ್ತರಿಸುವಷ್ಟು ಕೂದಲೂ ಅವರ ತಲೆಯಲ್ಲಿ ಉಳಿದಿರಲಿಲ್ಲ. ಆದರೂ ಮಧ್ಯಾಹ್ನ ಮೂರು ಗಂಟೆಗೆ, ಮನೆಗೆಂದು ಕೊಂಡ ಬಲ್ಬನ್ನು ಕೈಯಲ್ಲಿ ಹಿಡಿದು ಬರುತ್ತಿದ್ದವರು, ಬೀದಿಯ ಕೊನೆಯಲ್ಲಿದ್ದ ಕತ್ತರಿಯಣ್ಣನ ಕಟಿಂಗ್ ಶಾಪಿನ ಗಾಜಿನ ಬಾಗಿಲ ಮುಂದೆ ಗಕ್ಕನೆ ನಿಂತುಬಿಟ್ಟರು.

ಒಳಗೆ ಬೆಂಚಿನ ಮೇಲೆ ಯಾರೋ ಕೂತು ಪುಸ್ತಕ ಓದುತ್ತಿದ್ದರು. ಅದರ ಮುಖಪುಟದಲ್ಲಿ ಹಸಿರು ಆಮೆಯೊಂದು ಭೂತಗನ್ನಡಿ ಹಿಡಿದು ನಿಂತಿತ್ತು. ಮೂಲೆಯಲ್ಲಿ ಕೆಂಪು ಅಕ್ಷರದಲ್ಲಿ ‘ಒಂದನೇ ಸಂಚಿಕೆ’ ಎಂದು ಬರೆದಿತ್ತು.

ರಾಯರು ಯಾಕೆ ಹಾಗೆ ನಿಂತರು ಅಂತ ತಿಳಿಯಬೇಕಾದರೆ ಅವರ ವಿಷಯ ಸ್ವಲ್ಪ ಹೇಳಬೇಕು. ನೀರಿನ ಬಿಲ್ಲು ಕಟ್ಟಿಸಿಕೊಳ್ಳುವ ಕೌಂಟರಿನಲ್ಲಿ ಅವರು ಗುಮಾಸ್ತರು. ರಜೆ ಬಂತೆಂದರೆ ಊರಿನ ರದ್ದಿ ಅಂಗಡಿಗಳಲ್ಲಿ ಮಂಡಿಯೂರಿ, ತೂಕಕ್ಕೆ ಹೋಗುವ ಹಳೇ ಕಾಮಿಕ್ಸ್ ಪುಸ್ತಕಗಳನ್ನು ಹೆಕ್ಕುವುದೇ ಕೆಲಸ. ಮೂವತ್ತು ವರ್ಷದಿಂದ ಹೆಕ್ಕಿದ್ದರಲ್ಲಿ ‘ಪತ್ತೇದಾರ ಆಮೆ’ಯ ನಲವತ್ತು ಸಂಚಿಕೆಗಳ ಪೈಕಿ ಎರಡರಿಂದ ನಲವತ್ತರವರೆಗೆ ಸೇರಿದ್ದವು. ಒಂದನೆಯದು ಮಾತ್ರ ಕಣ್ಣಿಗೇ ಬಿದ್ದಿರಲಿಲ್ಲ.

ಅವರ ವಿದ್ಯೆಗೆ ಒಂದು ಸೂತ್ರವಿತ್ತು. ಬೇಕಾದ್ದನ್ನು ಕೇಳಬಾರದು, ಅದರ ಪಕ್ಕದ್ದನ್ನು ಕೇಳಬೇಕು. ಬೇಕಾದ್ದನ್ನು ಅಂಗಡಿಯಲ್ಲಿ ಬಿಚ್ಚಿಯೂ ನೋಡಬಾರದು. ನಮಗೆ ಆಸೆಯಿದೆ ಅಂತ ಗೊತ್ತಾದ ಕ್ಷಣ ಎದುರಿನವನು ಅದನ್ನು ಎದೆಗವಚಿಕೊಳ್ಳುತ್ತಾನೆ. ಸೂತ್ರ ಒಳ್ಳೆಯದೇ. ಆದರೆ ಅದರಿಂದಾಗಿ ಮನೆಯ ಚಿಕ್ಕ ಕೋಣೆಯಲ್ಲಿ ಕಾಮಿಕ್ಸ್ ಜೊತೆಗೆ ಅವುಗಳ ಪಕ್ಕದಲ್ಲಿದ್ದ ಮೂರು ಕಾಲಿನ ಸ್ಟೂಲು, ಮುಳ್ಳಿಲ್ಲದ ಗಡಿಯಾರ, ಯಾವ ಪೆಟ್ಟಿಗೆಗೂ ಸೇರದ ಹನ್ನೊಂದು ಬೀಗಗಳೂ ತುಂಬಿಕೊಂಡಿದ್ದವು. ರಾಯರ ತಾಯಿ, ಮಂಡಿನೋವಿನ ಮುದುಕಿ, ನಡುಮನೆಯಲ್ಲಿ ಬಾಗಿಲ ಪಕ್ಕ ಮಂಚ ಹಾಕಿಕೊಂಡು ಮಲಗುತ್ತಿದ್ದರು. ಯಾರು ಬಂದರೂ ಎದ್ದು ಕೂತು, “ಯಾರು ಬೇಕಿತ್ತಪ್ಪಾ?” ಅಂತ ಕೇಳುವುದು ಅವರ ಪಾಲಿಗೆ ಬಂದಿತ್ತು.

ಆ ದಿನ ಬೆಳಿಗ್ಗೆ ಹೆಂಡತಿ ತೀರ್ಮಾನ ಹೇಳಿಬಿಟ್ಟಿದ್ದರು. “ನಾಳೆಯಿಂದ ಅತ್ತೆ ಆ ಕೋಣೇಲಿ ಮಲಗ್ತಾರೆ. ಸಂಜೆ ನಿಮ್ಮ ಗ್ಲೌಸಿನೋರು ಬರ್ತಾರಲ್ಲ, ಅವರು ತಗೊಂಡ್ರೆ ಸರಿ. ಇಲ್ಲಾಂದ್ರೆ ಎಲ್ಲಾ ರದ್ದಿಗೆ. ಒಂದು ಬಲ್ಬ್ ತನ್ನಿ, ಕೋಣೇದು ಸುಟ್ಟುಹೋಗಿದೆ.”

ಗ್ಲೌಸಿನವರು ಅಂದರೆ ಹಳೇ ಕಾಮಿಕ್ಸ್ ವ್ಯಾಪಾರಿ. ಪುಸ್ತಕ ಮುಟ್ಟುವ ಮುಂಚೆ ಬಿಳಿ ಗ್ಲೌಸು ಹಾಕಿಕೊಳ್ಳುವ ಮನುಷ್ಯ. ನಲವತ್ತೂ ಇದ್ದರೆ ರಾಯರ ಒಂದು ವರ್ಷದ ಸಂಬಳ ಕೊಡುತ್ತೇನೆ, ಒಂದು ಕಮ್ಮಿಯಿದ್ದರೂ ಬೇಡ ಅಂತ ಖಡಾಖಂಡಿತವಾಗಿ ಹೇಳಿದ್ದರು. ಆರು ಗಂಟೆಗೆ ಬರುವವರಿದ್ದರು. ಮೂವತ್ತು ವರ್ಷದ ತಪಸ್ಸು ತಕ್ಕಡಿಗೆ ಬೀಳುವುದಕ್ಕೆ ಇನ್ನು ಮೂರೇ ಗಂಟೆ ಇತ್ತು.

ಏನಾದರಾಗಲಿ, ಅದಿಲ್ಲದೆ ಮನೆಗೆ ಹೋಗುವುದಿಲ್ಲ ಎಂದುಕೊಂಡು ರಾಯರು ಒಳಗೆ ಕಾಲಿಟ್ಟರು.

ಓದುತ್ತಿದ್ದವರು ಅದೇ ಬೀದಿಯ ನಿವೃತ್ತ ಡ್ರಿಲ್ ಮೇಷ್ಟ್ರು. ತಲೆಗೆ ಕಪ್ಪು ಡೈ ಹಚ್ಚಿಸಿಕೊಂಡು, ಅದು ಒಣಗಲಿ ಅಂತ ಕೂತಿದ್ದರು. ಪ್ರತಿ ಅಕ್ಷರದ ಮೇಲೂ ಬೆರಳಿಟ್ಟು, ತುಟಿ ಅಲ್ಲಾಡಿಸುತ್ತ ಓದುವ ಕ್ರಮ ಅವರದು. ಪುಟ ತಿರುಗಿಸುವಾಗ ಬೆರಳನ್ನು ನಾಲಿಗೆಗೆ ಒತ್ತಿಕೊಳ್ಳುತ್ತಿದ್ದರು. ಅದನ್ನು ನೋಡಲಾರದೆ ರಾಯರು ಮುಖ ತಿರುಗಿಸಿದರು.

“ಬನ್ನಿ ಸಾರ್, ಕುರ್ಚಿ ಖಾಲಿ ಇದೆ,” ಅಂದ ಕತ್ತರಿಯಣ್ಣ.

ಸುಮ್ಮನೆ ಕೂತರೆ ಅನುಮಾನ ಬರುತ್ತದೆ. ರಾಯರು ಕುರ್ಚಿ ಹತ್ತಿದರು. ಕತ್ತರಿಯಣ್ಣ ಅವರ ತಲೆಯನ್ನು ಅತ್ತ ಇತ್ತ ತಿರುಗಿಸಿ ನೋಡಿದ.

“ಇದರಲ್ಲಿ ಏನು ಕತ್ತರಿಸ್ಲಿ ಸಾರ್?”

“ಇರೋದನ್ನೇ ನೋಡಿಕೊಂಡು ಕತ್ತರಿಸಿ. ಆತುರ ಏನಿಲ್ಲ.”

ಕಟಿಂಗ್ ಆರು ನಿಮಿಷಕ್ಕೆ ಮುಗಿಯಿತು. ಮೇಷ್ಟ್ರು ಇನ್ನೂ ಎರಡನೇ ಪುಟದಲ್ಲಿದ್ದರು. ರಾಯರು ಶೇವಿಂಗ್ ಅಂದರು. ಶೇವಿಂಗ್ ಮುಗಿದಾಗ ಮೇಷ್ಟ್ರು ನಾಲ್ಕನೇ ಪುಟಕ್ಕೆ ಬಂದು, ಏನೋ ಮರೆತವರಂತೆ ವಾಪಸ್ಸು ಮೂರಕ್ಕೆ ಹೋದರು. ರಾಯರು ತಲೆಗೆ ಎಣ್ಣೆ ತಿಕ್ಕಿಸಿಕೊಂಡರು, ತೊಳೆಸಿಕೊಂಡರು, ಮೂಗಿನ ಕೂದಲು ತೆಗೆಸಿಕೊಂಡರು. ಕೊನೆಗೆ ಕತ್ತರಿಯಣ್ಣನಿಗೇ ಮಾಡಲು ಏನೂ ಉಳಿಯಲಿಲ್ಲ.

“ಕತ್ತಿನ ಹಿಂದೆ ಸ್ವಲ್ಪ ಮಿಷನ್ ಆಡಿಸಿ,” ಅಂದರು ರಾಯರು.

ಮಿಷನ್ ಗುರ್ರೆಂದಿತು. ಅದೇ ಹೊತ್ತಿಗೆ ಮೇಷ್ಟ್ರು ಓದಿದ ಜಾಗದ ಗುರುತಿಗೆ ಪುಟದ ಮೂಲೆಯನ್ನು ಮಡಿಸುವುದು ಕನ್ನಡಿಯಲ್ಲಿ ಕಂಡಿತು. ಪುಟ ಮಡಿಸುವುದು! ರಾಯರು ತಡೆಯಲಾರದೆ ಪಟ್ಟನೆ ಹಿಂದಕ್ಕೆ ತಿರುಗಿದರು. ಮಿಷನ್ನು ಕತ್ತಿನಿಂದ ಹೊರಟು ನೆತ್ತಿಯವರೆಗೂ ಹೋಗಿ ನಿಂತಿತು.

ಕತ್ತರಿಯಣ್ಣ ಮಿಷನ್ ಆಫ್ ಮಾಡಿದ.

“ಏನಾಯ್ತು?” ಅಂದರು ರಾಯರು.

“ಏನಿಲ್ಲ ಸಾರ್. ಮಧ್ಯದಲ್ಲಿ ಒಂದು ರಸ್ತೆ ಆಗಿದೆ. ಅದನ್ನ ಮುಚ್ಚೋಕಾಗಲ್ಲ. ಉಳಿದಿದ್ದನ್ನ ಅದಕ್ಕೆ ಸಮ ಮಾಡಬಹುದು.”

“ಸಮ ಮಾಡಿ,” ಅಂದರು ರಾಯರು. ಕೂದಲು ಇವತ್ತಲ್ಲ ನಾಳೆ ಬೆಳೆಯುತ್ತದೆ. ಒಂದನೇ ಸಂಚಿಕೆ ಬೆಳೆಯುವುದಿಲ್ಲ. ಅಲ್ಲದೆ ಸಮ ಮಾಡಲು ಇನ್ನೊಂದು ಕಾಲು ಗಂಟೆ ಬೇಕಾಗುತ್ತದೆ ಎಂಬ ಲೆಕ್ಕವೂ ಇತ್ತು.

ನುಣ್ಣನೆಯ ತಲೆಯೊಂದಿಗೆ ಕುರ್ಚಿಯಿಂದ ಇಳಿದಾಗ ಗಂಟೆ ಐದಾಗುತ್ತ ಬಂದಿತ್ತು. ರಾಯರು ಸೂತ್ರಕ್ಕೆ ಕೈಹಾಕಿದರು. ಬೆಂಚಿನ ಮೇಲಿದ್ದ ಹಳೇ ಪತ್ರಿಕೆಗಳ ರಾಶಿಯನ್ನು ಮೂಗು ಮುರಿದು ನೋಡುತ್ತ, “ಈ ಕಸ ಏನ್ ಮಾಡ್ತೀರಿ? ಅಲಮಾರಿಗೆ ಹಾಸೋಕೆ ಬೇಕಿತ್ತು,” ಅಂದರು.

“ಎಲ್ಲಾ ತಗೊಂಡು ಹೋಗಿ ಸಾರ್. ಇಷ್ಟು ಕೆಲಸ ಮಾಡಿಸ್ಕೊಂಡ ಗಿರಾಕಿ ನನಗೆ ಈವರೆಗೆ ಸಿಕ್ಕಿಲ್ಲ. ಆ ಆಮೆ ಪುಸ್ತಕಾನೂ ತಗೊಳ್ಳಿ, ನಮ್ಮಪ್ಪನ ಕಾಲದ ಪೆಟ್ಟಿಗೇಲಿತ್ತು. ಮೇಷ್ಟ್ರು ಬಿಟ್ಟರೆ.”

ಮೇಷ್ಟ್ರು ಬಿಡಲಿಲ್ಲ. “ಆಮೆ ಈಗ ತಾನೇ ಕಳ್ಳನ ಮನೆ ಕಡೆ ಹೊರಟಿದೆ. ಮಧ್ಯದಲ್ಲಿ ಹೇಗ್ರೀ ಬಿಡೋದು? ಮನೆಗೆ ತಗೊಂಡು ಹೋಗಿ ಓದ್ತೀನಿ.” ಹೀಗೆಂದು ಪುಸ್ತಕವನ್ನು ಕೊಳವೆಯಂತೆ ಸುತ್ತಿ ಕಂಕುಳಲ್ಲಿ ಇಟ್ಟುಕೊಂಡರು. ಅಷ್ಟರಲ್ಲಿ ರಾಯರು ದುಡ್ಡು ಕೊಡಲು ಜೇಬಿನಿಂದ ತೆಗೆದ ಪರ್ಸಿನ ಜೊತೆ ಬೀಗದ ಕೈಗೊಂಚಲೂ ಹೊರಗೆ ಬಂತು. ಅದರಲ್ಲಿ ಒಂದು ಹಿತ್ತಾಳೆಯ ವಿಷಲ್ ನೇತಾಡುತ್ತಿತ್ತು. ಯಾವ ಕಾಲದ್ದೋ, ಎಲ್ಲಿಂದ ಬಂದಿದ್ದೋ ರಾಯರಿಗೇ ನೆನಪಿಲ್ಲ. ಬುದ್ಧಿ ತಿಳಿದಾಗಿನಿಂದ ಜೊತೆಗಿತ್ತು.

ಮೇಷ್ಟ್ರ ಕಣ್ಣು ಅದರ ಮೇಲೆ ನೆಟ್ಟಿತು. ಪಾಪ, ಅವರ ಕತೆಯೇ ಬೇರೆ. ನಿವೃತ್ತರಾದ ಮೇಲೂ ದಿನಾ ಬೆಳಿಗ್ಗೆ ಐದಕ್ಕೆ ಬೀದಿಯಲ್ಲಿ ವಿಷಲ್ ಊದಿ ಎಲ್ಲರನ್ನೂ ಎಬ್ಬಿಸುತ್ತಿದ್ದರು. ಬೀದಿಯವರು ಬೇಸತ್ತು ಅವರ ಸೊಸೆಗೆ ಅರ್ಜಿ ಕೊಟ್ಟಿದ್ದರು. ಸೊಸೆ ವಿಷಲನ್ನು ಬಾವಿಗೆ ಎಸೆದಿದ್ದಳು. ಅರ್ಜಿಯಲ್ಲಿ ಮೊದಲ ಸಹಿ ರಾಯರದೇ.

“ಅದನ್ನ ಕೊಡ್ತೀರಾ?” ಅಂದರು ಮೇಷ್ಟ್ರು, ನೇರವಾಗಿ.

ಪಕ್ಕದ್ದನ್ನು ಕೇಳಬೇಕೆಂಬ ಪ್ರಾಥಮಿಕ ಜ್ಞಾನವೂ ಇಲ್ಲದ ಮನುಷ್ಯನನ್ನು ಕಂಡು ರಾಯರಿಗೆ ಒಳಗೊಳಗೇ ನಗು ಬಂತು. “ಬಹಳ ವರ್ಷದಿಂದ ಜೊತೇಲಿರೋದು ಮೇಷ್ಟ್ರೇ... ಆದ್ರೂ ನೀವು ಕೇಳಿದ್ಮೇಲೆ ಇಲ್ಲ ಅನ್ನೋಕಾಗತ್ತಾ? ಆ ಪುಸ್ತಕ ಇಲ್ಲಿಡಿ, ಇದನ್ನ ತಗೊಳ್ಳಿ.”

ಮೇಷ್ಟ್ರು ಅಲ್ಲೇ ಒಂದು ಸಲ ಊದಿ ನೋಡಿದರು. ಕತ್ತರಿಯಣ್ಣನ ಕೈಯಲ್ಲಿದ್ದ ಬಾಚಣಿಗೆ ಕೆಳಗೆ ಬಿತ್ತು. ರಾಯರು ಸೂತ್ರಕ್ಕೆ ತಪ್ಪದೆ, ಪುಸ್ತಕವನ್ನು ಬಿಚ್ಚಿಯೂ ನೋಡದೆ, ರಾಶಿಯ ನಡುವೆ ತೂರಿಸಿಕೊಂಡು ಮನೆ ಕಡೆ ಓಡಿದರು.

ಬಾಗಿಲು ತೆರೆದ ತಾಯಿ ಅವರನ್ನು ಮೇಲಿಂದ ಕೆಳಗೆ ನೋಡಿ, “ಯಾರು ಬೇಕಿತ್ತಪ್ಪಾ?” ಅಂದರು.

“ನಾನಮ್ಮಾ.”

ಹಿಂದಿನಿಂದ ಬಂದ ಹೆಂಡತಿ ಸೆರಗು ಬಾಯಿಗೆ ಒತ್ತಿಕೊಂಡರು. “ಬಲ್ಬ್ ತನ್ನಿ ಅಂದ್ರೆ ತಲೇನೇ ಬಲ್ಬ್ ಮಾಡಿಸ್ಕೊಂಡು ಬಂದಿದ್ದೀರಲ್ರೀ. ಅಂಗಡಿ ಬಲ್ಬ್ ಎಲ್ಲಿ?”

ಅದು ಕಟಿಂಗ್ ಶಾಪಿನಲ್ಲೇ ಉಳಿದಿತ್ತು. ರಾಯರಿಗೆ ಅದರ ಯೋಚನೆಯಿರಲಿಲ್ಲ. ಸಂಚಿಕೆಗಳನ್ನು ಒಂದರಿಂದ ನಲವತ್ತರವರೆಗೆ ಮೇಜಿನ ಮೇಲೆ ಜೋಡಿಸಿದರು. ಬೆರಳಿನ ಗುರುತು ಬಿದ್ದೀತೆಂದು ಒಂದನೆಯದನ್ನು ಆಗಲೂ ಬಿಚ್ಚಿ ನೋಡಲಿಲ್ಲ.

ಆರಕ್ಕೆ ಸರಿಯಾಗಿ ಗ್ಲೌಸಿನವರು ಬಂದರು. ಗ್ಲೌಸು ಹಾಕಿದರು. ಒಂದನೇ ಸಂಚಿಕೆಯನ್ನು ಹಸುಗೂಸನ್ನು ಎತ್ತಿಕೊಳ್ಳುವ ಹಾಗೆ ಎರಡು ಕೈಯಲ್ಲೂ ಎತ್ತಿಕೊಂಡು, ಪುಟ ತಿರುಗಿಸುತ್ತ ಹೋದರು. ಕೊನೇ ಪುಟಕ್ಕೆ ಬಂದಾಗ ಅವರ ಮುಖ ಬಾಡಿತು. ಪುಟದ ಮಧ್ಯೆ ಚೌಕಾಕಾರದ ತೂತೊಂದು ಇತ್ತು. ಅದರ ಮೂಲಕ ರಾಯರ ಬೋಳುತಲೆ ಕಾಣುತ್ತಿತ್ತು.

“ಬಹುಮಾನದ ಕೂಪನ್ ಕತ್ತರಿಸಿದ್ದಾರೆ. ಇದು ನನಗೆ ಬೇಡ ಸಾರ್.”

ರಾಯರಿಗೆ ಮೈಯೆಲ್ಲ ಉರಿಯಿತು. “ಯಾವ ಮುಠ್ಠಾಳ ಹೀಗೆ ಮಾಡಿದ್ದು? ಕೈಗೆ ಸಿಕ್ಕಿದ್ರೆ ಅವನ ಕಿವಿ ಹಿಂಡಿಬಿಡ್ತೀನಿ.”

“ಮೊದಲ ಪುಟದಲ್ಲಿ ಹೆಸರು ಇದೆ,” ಅಂತ ಗ್ಲೌಸಿನವರು ಓದಿದರು. “ಪುಟ್ಟು, ಎರಡನೇ ಕ್ಲಾಸು, ಬಿ ಸೆಕ್ಷನ್. ಮುಟ್ಟಿದವರಿಗೆ ಏಟು.”

ಮಂಚದ ಮೇಲಿಂದ ತಾಯಿ ನಕ್ಕರು. “ಅಯ್ಯೋ, ನಿಂದೇ ಕಣೋ ಅದು. ನನ್ನ ಹೊಲಿಗೆ ಕತ್ತರಿ ಕದ್ದು ಕತ್ತರಿಸ್ದೆ. ಪೋಸ್ಟ್‌ಮ್ಯಾನ್ ಹಿಂದೆ ನಾಲ್ಕು ತಿಂಗಳು ಓಡಾಡ್ದೆ. ಆಮೇಲೆ ಕಟಿಂಗ್ ಮಾಡಿಸ್ಕೊಳ್ಳೋಕೆ ಅಳ್ತೀಯ ಅಂತ, ಇದನ್ನ ತೋರಿಸಿ ಕೂರಿಸಿ ಅಂದು ನಾನೇ ಕತ್ತರಿಯಣ್ಣನ ಅಪ್ಪನ ಕೈಗೆ ಕೊಟ್ಟಿದ್ದೆ.”

ರಾಯರು ಕುರ್ಚಿಗೆ ಕುಸಿದರು. ತಮ್ಮ ಕಿವಿ ತಾವೇ ಹಿಂಡಿಕೊಳ್ಳುವ ಧೈರ್ಯ ಅವರಿಗಿರಲಿಲ್ಲ.

ಗ್ಲೌಸಿನವರು ಗ್ಲೌಸು ಬಿಚ್ಚುತ್ತಿದ್ದವರು ಅರ್ಧಕ್ಕೆ ನಿಲ್ಲಿಸಿದರು. “ಅಮ್ಮಾ, ಕೂಪನ್ ಕಳಿಸಿದ್ದಕ್ಕೆ ಬಹುಮಾನ ಬಂತಾ?”

“ಬರದೆ ಏನು. ಹಿತ್ತಾಳೆ ಪೀಪಿ. ಹೊಟ್ಟೆ ಮೇಲೆ ಸಣ್ಣ ಆಮೆ ಗುರುತಿತ್ತು, ಸವೆದುಹೋಗಿರಬೇಕು. ಇವನ ಬೀಗದ ಕೈಗೊಂಚಲಲ್ಲೇ ಇದೆಯಲ್ಲ.”

ಗ್ಲೌಸಿನವರ ದನಿ ಸಣ್ಣದಾಯಿತು. “ಸಾರ್, ಕತ್ತರಿಸಿದ ಪುಸ್ತಕ, ಅದಕ್ಕೇ ಬಂದ ವಿಷಲ್, ಕತ್ತರಿಸಿದ ಹುಡುಗ, ಮೂರೂ ಒಂದೇ ಕಡೆ ಇರೋದು ನಾನು ನೋಡೇ ಇಲ್ಲ. ಅದನ್ನ ಕೊಡಿ. ನಲವತ್ತಕ್ಕೂ ಸೇರಿಸಿ, ಹೇಳಿದ್ದರ ಎರಡರಷ್ಟು ಕೊಡ್ತೀನಿ. ಅರ್ಧ ಗಂಟೆ ಕಾಯ್ತೀನಿ.”

ಅದೇ ಗಳಿಗೆಗೆ ಬೀದಿಯ ಆ ತುದಿಯಿಂದ ಪೀ... ಎಂದು ಉದ್ದನೆಯ ಸದ್ದು ಕೇಳಿಸಿತು. ರಾಯರು ಚಪ್ಪಲಿ ಮೆಟ್ಟದೆ ಓಡಿದರು. “ಸುತ್ತಿ ಬಳಸಬೇಡಿ, ಸೀದಾ ಕೇಳಿ,” ಅಂತ ಹೆಂಡತಿ ಹಿಂದಿನಿಂದ ಕೂಗಿದ್ದು ಅವರ ಕಿವಿಗೆ ಬಿತ್ತು, ತಲೆಗೆ ಹೋಗಲಿಲ್ಲ.

ಮೇಷ್ಟ್ರು ವರಾಂಡದಲ್ಲಿ ಕೂತಿದ್ದರು. ಮುಂದಿನ ಟೀಪಾಯಿಯ ಮೇಲೆ ವಿಷಲ್ ಇತ್ತು, ಅದರ ಪಕ್ಕದಲ್ಲಿ ಅವರ ಹಳೇ ಡ್ರಿಲ್ ಟೋಪಿ. ಒಳಗೆ ಸೊಸೆ ಪಾತ್ರೆಗಳನ್ನು ಕುಕ್ಕುತ್ತಿದ್ದಳು.

“ಬನ್ನಿ ರಾಯರೇ, ಏನು ಬೇಕಾಗಿತ್ತು?”

ರಾಯರು ಉಸಿರು ಹಿಡಿದುಕೊಂಡು, ವಿಷಲಿನ ಕಡೆ ಅಪ್ಪಿತಪ್ಪಿಯೂ ನೋಡದೆ ಹೇಳಿದರು. “ಏನಿಲ್ಲ ಮೇಷ್ಟ್ರೇ, ಹೀಗೇ ಬಂದೆ. ಆ ಟೋಪಿ ಚೆನ್ನಾಗಿದೆ. ಕೊಡೋ ಹಾಗಿದ್ರೆ...” ಟೋಪಿಗೆ ಬೆಲೆ ಕಟ್ಟಿ, ಮೇಷ್ಟ್ರು ಎಳೆದಾಡಿದ ಮೇಲೆ, ಹೋಗಲಿ ಆ ಕಿಲುಬು ವಿಷಲನ್ನೂ ಸೇರಿಸಿಬಿಡಿ ಅನ್ನುವುದು ಅವರ ಮುಂದಿನ ಹೆಜ್ಜೆಯಾಗಿತ್ತು.

ಮೇಷ್ಟ್ರು ಎಳೆದಾಡಲೇ ಇಲ್ಲ. ಎದ್ದು ಬಂದು ಟೋಪಿಯನ್ನು ರಾಯರ ಬೋಳುತಲೆಯ ಮೇಲೆ ತಾವೇ ಇಟ್ಟು, ನೆಟ್ಟಗೆ ಮಾಡಿದರು. “ಅಷ್ಟೇನಾ? ನೀವು ವಿಷಲ್ ವಾಪಸ್ ಕೇಳೋಕೆ ಬಂದ್ರಿ ಅಂದ್ಕೊಂಡಿದ್ದೆ. ನಮ್ಮ ಸೊಸೆ ಒಂದೇ ಸಮನೆ ಕೂಗಾಡ್ತಿದ್ದಾಳೆ. ನೀವೇನಾದ್ರೂ ಕೇಳಿದ್ರೆ ಕೊಟ್ಟುಬಿಡೋದು ಅಂತಿದ್ದೆ. ಸದ್ಯ, ನೀವು ಟೋಪಿ ಕೇಳಿದ್ರಿ.”

ರಾಯರು ಮೂವತ್ತು ವರ್ಷದಲ್ಲಿ ಮೊದಲ ಬಾರಿಗೆ ಸೂತ್ರವನ್ನು ಗಾಳಿಗೆ ತೂರಿದರು. “ಮೇಷ್ಟ್ರೇ, ನಿಜ ಹೇಳಿಬಿಡ್ತೀನಿ. ನನಗೆ ಬೇಕಾಗಿರೋದು ಆ ವಿಷಲ್ಲೇ. ದಯವಿಟ್ಟು ಕೊಡಿ. ಕೈ ಮುಗಿತೀನಿ.”

ಮೇಷ್ಟ್ರು ರಾಯರನ್ನು ನೋಡಿದರು. ವಿಷಲನ್ನು ನೋಡಿದರು. ನಿಧಾನವಾಗಿ ಅದನ್ನು ಎತ್ತಿ, ತಿರುಗಿಸಿ, ದೀಪಕ್ಕೆ ಹಿಡಿದರು.

“ಓಹೋ,” ಅಂದರು. “ಕೈ ಮುಗಿಯೋಷ್ಟು ಇದರಲ್ಲಿ ಏನೋ ಇದೆ ಅಂತಾಯ್ತು.” ಅಂದವರೇ ವಿಷಲಿಗೆ ದಾರ ಕಟ್ಟಿ ಕೊರಳಿಗೆ ಹಾಕಿಕೊಂಡು, ಅಂಗಿಯ ಒಳಗೆ ಬಿಟ್ಟುಕೊಂಡು, ಗುಂಡಿ ಹಾಕಿದರು.

ರಾಯರು ಎಷ್ಟು ಅಂಗಲಾಚಿದರೋ ಮೇಷ್ಟ್ರು ಅಷ್ಟು ಗಟ್ಟಿಯಾಗಿ ಅಂಗಿ ಹಿಡಿದುಕೊಂಡರು. ಅರ್ಧ ಗಂಟೆ ದಾಟಿತು. ರಾಯರು ಕಾಲೆಳೆಯುತ್ತ ವಾಪಸ್ಸು ಬರುವಾಗ ಗ್ಲೌಸಿನವರ ಸ್ಕೂಟರು ಅವರ ಪಕ್ಕದಲ್ಲೇ ಹಾದು ಹೋಯಿತು. ಟೋಪಿಯಲ್ಲಿದ್ದ ರಾಯರ ಗುರುತು ಅವರಿಗೆ ಹತ್ತಲಿಲ್ಲ.

ಹಿಂದಿನಿಂದ ವಿಷಲ್ ಮತ್ತೆ ಕೇಳಿಸಿತು. ನಾಳೆ ಐದು ಗಂಟೆಗೂ ಕೇಳಿಸುತ್ತದೆ ಎಂದು ರಾಯರಿಗೆ ಗೊತ್ತಿತ್ತು. ಮನೆ ಬಾಗಿಲು ತಟ್ಟಿದರು.

ತಾಯಿ ಚಿಲಕ ತೆಗೆದು, ಟೋಪಿಯನ್ನು ದಿಟ್ಟಿಸಿ ನೋಡಿ ಕೇಳಿದರು.

“ಯಾರು ಬೇಕಿತ್ತಪ್ಪಾ?”