ಹನ್ನೆರಡು ರೂಪಾಯಿ, ಹಾಲಿಯೋ ಕಲ್ದಾರೋ

ಒಂದು ವಿಷಯವನ್ನು ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ಕೊಪ್ಪಳದ ಫುಟ್‌ಬಾಲ್ ಕ್ಲಬ್ಬಿನಲ್ಲಿ ನಾನು ಏಳು ವರ್ಷ ಇದ್ದೆ. ಆ ಏಳು ವರ್ಷದಲ್ಲಿ ಒಮ್ಮೆಯೂ ಚೆಂಡನ್ನು ಒದೆಯಲಿಲ್ಲ. ಒಂದೆರಡು ಸಲ ಚೆಂಡೇ ಬಂದು ನನ್ನನ್ನು ಒದ್ದದ್ದುಂಟು, ಅದು ಲೆಕ್ಕಕ್ಕೆ ಬರುವುದಿಲ್ಲ. ಓಡಿದರೆ ಏದುಸಿರು, ನಿಂತರೆ ಅಭಿಪ್ರಾಯ, ಇದು ನನ್ನ ಪ್ರಕೃತಿ. ಯಾರು ಎಲ್ಲಿ ನಿಲ್ಲಬೇಕಿತ್ತು, ಯಾರು ಯಾರಿಗೆ ಚೆಂಡು ಕೊಡಬೇಕಿತ್ತು ಎಂಬುದು ಆಟ ಮುಗಿದ ಮೇಲೆ ನನಗೆ ಹೊಳೆದಷ್ಟು ಸ್ಪಷ್ಟವಾಗಿ ಇನ್ನಾರಿಗೂ ಹೊಳೆಯುತ್ತಿರಲಿಲ್ಲ. ಹೊಳೆದದ್ದನ್ನು ಹೇಳದೆ ಬಿಡುವ ಸ್ವಭಾವವೂ ನನ್ನದಲ್ಲ. ದಿನಾಲು ಚಹಾದಂಗಡಿಯ ಮುಂದೆ ನನ್ನ ಮಾತು ಕೇಳಿ ಕೇಳಿ ಆಟಗಾರರಿಗೆ ಸಾಕಾಗಿ ಹೋಯಿತು. ಕಡೆಗೆ ನಮ್ಮ ಕ್ಲಬ್ಬನ್ನು ಕಟ್ಟಿದ ಡ್ರಿಲ್ ಮಾಸ್ತರರು, "ಇವರ ಬಾಯಿ ಮುಚ್ಚಬೇಕಂದ್ರ ಕೈಯಾಗ ಒಂದು ಕೆಲಸ ಕೊಡ್ರಿ" ಎಂದು ನನ್ನನ್ನು ಖಜಾಂಚಿಯನ್ನಾಗಿ ಮಾಡಿದರು. ನಾನು ಅದನ್ನು ಗೌರವವೆಂದೇ ತಿಳಿದುಕೊಂಡೆ.

ಅರ್ಹತೆ ಇರಲಿಲ್ಲವೆಂದೇನೂ ಅಲ್ಲ. ನಾನು ಹತ್ತಿಯ ಅಡತಿ ಅಂಗಡಿಯಲ್ಲಿ ಗುಮಾಸ್ತನಾಗಿದ್ದೆ. ಆಗ ನಮ್ಮದು ನಿಜಾಮರ ರಾಜ್ಯ. ನಮ್ಮಲ್ಲಿ ನಡೆಯುತ್ತಿದ್ದದ್ದು ಹಾಲಿ ಸಿಕ್ಕಾ ರೂಪಾಯಿ. ರೈಲು ಹತ್ತಿ ಒಂದೆರಡು ತಾಸು ಹೋದರೆ ಗದಗು, ಅಲ್ಲಿ ಇಂಗ್ಲಿಷರ ರಾಜ್ಯ, ಅಲ್ಲಿಯದು ಕಲ್ದಾರ ರೂಪಾಯಿ. ಅವರ ಆರು ರೂಪಾಯಿಗೆ ನಮ್ಮವು ಏಳು ಕೊಡಬೇಕಾಗುತ್ತಿತ್ತು. ಹೀಗೆ ಹೆಚ್ಚಿಗೆ ಕೊಡುವುದಕ್ಕೆ ಬಟ್ಟಾ ಎನ್ನುತ್ತಿದ್ದರು. ನಮ್ಮ ಶೆಟ್ಟರ ಹತ್ತಿ ಗದಗಿಗೇ ಹೋಗುತ್ತಿದ್ದುದರಿಂದ ಬೆಳಗಿನಿಂದ ಸಂಜೆಯವರೆಗೆ ಬಟ್ಟಾ ಲೆಕ್ಕ ಹಾಕುವುದೇ ನನ್ನ ಕೆಲಸ. ಕಾಸಿನಷ್ಟು ತಪ್ಪಿದರೂ ಶೆಟ್ಟರು ಕನ್ನಡಕ ತೆಗೆದು ಒರೆಸಿಕೊಳ್ಳುತ್ತಿದ್ದರು. ಬೈಗುಳಕ್ಕಿಂತ ಅದೇ ಹೆಚ್ಚು ನೋಯುತ್ತಿತ್ತು.

ಸಂಜೆ ಮನೆಗೆ ಬಂದರೂ ಬಟ್ಟಾ ನನ್ನನ್ನು ಬಿಡುತ್ತಿರಲಿಲ್ಲ, ಏಕೆಂದರೆ ನನ್ನ ಹೆಂಡತಿ ನೀಲವ್ವ ಗದಗಿನವಳು. ಪಂಚಮಿಗೆ ಅವಳ ಅಣ್ಣ ಬಂದರೆ ಕೈಗೆ ಒಂದು ಕಲ್ದಾರ ಇಟ್ಟು ಹೋಗುತ್ತಿದ್ದ. ಅವಳು ಅದನ್ನು ನನ್ನ ಹಾಲಿ ರೂಪಾಯಿಯ ಪಕ್ಕದಲ್ಲಿ ಇಟ್ಟು, ನಿಮ್ಮದರ ಮೇಲೆ ನಾಲ್ಕು ಮಿನಾರು ಇದ್ದರೂ ನಮ್ಮದರ ಮೇಲಿನ ರಾಜನ ಒಂದು ಮುಖಕ್ಕೆ ಸಮ ಆಗಲಿಲ್ಲ ನೋಡಿ ಎನ್ನುತ್ತಿದ್ದಳು. ನಾನು ಉಪ್ಪು ತರುವುದು ಮರೆತರೂ, ಛತ್ರಿ ಕಳೆದುಕೊಂಡು ಬಂದರೂ ಅವಳದು ಒಂದೇ ಮಾತು: "ನೀವು ಭಾಳ ಛಲೋ ಮನಷ್ಯಾರ ಅದೀರಿ. ಏನ್ ಮಾಡೂದು, ಹಾಲಿ." ಮದುವೆಯ ಹೊಸದರಲ್ಲಿ ನನಗೆ ಇದರಿಂದ ಸಿಟ್ಟು ಬರುತ್ತಿತ್ತು. ಆಮೇಲಾಮೇಲೆ ಒಂದು ದಿನ ಆ ಮಾತು ಕೇಳದಿದ್ದರೆ ಅವಳಿಗೆ ಮೈಯಲ್ಲಿ ಹುಷಾರಿಲ್ಲವೇನೋ ಎಂದು ಅನುಮಾನ ಬರತೊಡಗಿತು.

ಕ್ಲಬ್ಬಿನ ಹಣಕಾಸಿನ ಬಗ್ಗೆ ಹೇಳುತ್ತೇನೆ ಎಂದವನು ಹೆಂಡತಿಯ ಕಡೆ ಹೊರಳಿದೆ. ಇರಲಿ, ಎರಡೂ ಒಂದೇ ದಾರಿಯಲ್ಲಿ ಸೇರುತ್ತವೆ. ಒಬ್ಬೊಬ್ಬರ ಚಂದಾ ತಿಂಗಳಿಗೆ ಎರಡಾಣೆ. ಖರ್ಚು ಎಂದರೆ ಚೆಂಡಿನ ತೊಗಲಿಗೆ ಎಣ್ಣೆ, ಬ್ಲಾಡರಿಗೆ ಪಂಕ್ಚರ್, ಆಟದ ನಡುವೆ ಚೀಪಲು ನಿಂಬೆಹಣ್ಣು. ಒಂದು ನಿಂಬೆಹಣ್ಣನ್ನು ಎರಡು ಹೋಳು ಮಾಡಬೇಕೋ ನಾಲ್ಕು ಮಾಡಬೇಕೋ ಎಂಬ ಬಗ್ಗೆ ನಮ್ಮ ಸಭೆಯಲ್ಲಿ ಆದ ಚರ್ಚೆ ದೊಡ್ಡ ದೊಡ್ಡ ದರಬಾರಿನಲ್ಲಿಯೂ ಆಗಿರಲಿಕ್ಕಿಲ್ಲ. ನಾಲ್ಕು ಎಂದು ನಾನು ಹಟ ಹಿಡಿದು ಗೆದ್ದೆ. ಆ ವರ್ಷ ನಾವು ಕುಷ್ಟಗಿಯವರ ಮುಂದೆಯೂ ಸೋತೆವು, ಯಲಬುರ್ಗಾದವರ ಮುಂದೆಯೂ ಸೋತೆವು; ಎರಡಕ್ಕೂ ನಿಂಬೆಹಣ್ಣೇ ಕಾರಣ ಎಂದು ಆಟಗಾರರು ಇವತ್ತಿಗೂ ಹೇಳುತ್ತಾರೆ.

ಹೀಗಿರುವಾಗ ಗಂಗಾವತಿಯವರು ನಮ್ಮೂರಿಗೆ ಆಡಲು ಬರುತ್ತೇವೆಂದು ಹೇಳಿ ಕಳಿಸಿದರು. ಇನ್ನು ಹದಿನೈದು ದಿನ ಇತ್ತು. ನಮ್ಮ ಚೆಂಡು ಆಗಲೇ ಹದಿನಾಲ್ಕು ತೇಪೆ ಹಾಕಿಸಿಕೊಂಡು ಕುಂಬಳಕಾಯಿಯ ಆಕಾರಕ್ಕೆ ಬಂದಿತ್ತು. ನೇರ ಒದ್ದರೆ ಎಡಕ್ಕೆ ಹೋಗುತ್ತಿತ್ತು. ನಮ್ಮವರು ಬಲಕ್ಕೆ ಒದ್ದು ನೇರ ಕಳಿಸುವುದನ್ನು ಕಲಿತುಬಿಟ್ಟಿದ್ದರು. ಅದೂ ಕೋಟೆಯ ಕೆಳಗಿನ ಬಯಲಿನಲ್ಲಿ ಜಾಲಿಮುಳ್ಳಿನ ಮೇಲೆ ಬಿದ್ದು ಒಂದು ನಿಟ್ಟುಸಿರು ಬಿಟ್ಟು ಮಲಗಿತು. ಊರಿಗೆ ಕರೆದವರೇ ಚೆಂಡು ಒದಗಿಸಬೇಕೆಂಬುದು ಆಗಿನ ರೂಢಿ. ಊಟಕ್ಕೆ ಕರೆದು ಎಲೆ ಹಾಕಲಿಲ್ಲ ಎಂಬಂಥ ಮಾತು ಗಂಗಾವತಿಯ ತುಂಬ ಆಗುವುದಿತ್ತು. ಕಿನ್ನಾಳದ ಗೊಂಬೆ ಮಾಡುವವರಿಗೆ ಹೇಳಿದರೆ ಕಟ್ಟಿಗೆಯದೇ ಒಂದು ಚೆಂಡು ಮಾಡಿ ಚೆಂದ ಬಣ್ಣ ಹಚ್ಚಿ ಕೊಡುತ್ತಾರೆ, ಅದಕ್ಕೆ ಪಂಕ್ಚರಿನ ಕಾಟವೇ ಇಲ್ಲ ಎಂದು ಒಬ್ಬರು ಸೂಚಿಸಿದರು. ಒದೆಯುವ ಕಾಲು ಅವರದಲ್ಲವಾದ್ದರಿಂದ ಆ ಸೂಚನೆ ಬಿದ್ದುಹೋಯಿತು.

ಗದಗಿನ ಅಂಗಡಿಗೆ ಕಾಗದ ಬರೆದೆ. ಬ್ಲಾಡರ್ ಸಹಿತ ಒಳ್ಳೆಯ ಚೆಂಡಿಗೆ ಹನ್ನೆರಡು ರೂಪಾಯಿ ಎಂದು ಉತ್ತರ ಬಂತು. ನಾನು ಮನೆ ಮನೆ ತಿರುಗಿ, ಬಾಕಿಯವರನ್ನು ಕಾಡಿ, ನಮ್ಮ ಗೋಲು ಕಾಯುವವನಿಂದ ಅವನ ಹಮಾಲಿಯ ಒಂದು ದಿನದ ಕೂಲಿಯನ್ನೂ ಇಸಿದುಕೊಂಡು, ಸರಿಯಾಗಿ ಹನ್ನೆರಡು ರೂಪಾಯಿ ಕೂಡಿಸಿದೆ. ಇನ್ನು ಯಾರ ಹತ್ತಿರವೂ ಒಂದಾಣೆ ಹುಟ್ಟುವಂತಿರಲಿಲ್ಲ. ಡ್ರಿಲ್ ಮಾಸ್ತರರು ನನ್ನ ಬೆನ್ನು ತಟ್ಟಿ, ಕ್ಲಬ್ಬಿನ ಮಾನ ನಿಮ್ಮ ಕೈಯಲ್ಲಿದೆ ಎಂದರು. ನಾನು ಹಣವನ್ನು ಅಂಗವಸ್ತ್ರದ ತುದಿಗೆ ಗಂಟು ಹಾಕಿಕೊಂಡೆ. ಗದಗಿಗೆ ಹೋಗಲು ಮನೆಯಲ್ಲೊಂದು ನೆಪ ಬೇಕಲ್ಲ. ಚೆಂಡಿಗಾಗಿ ಅಂಗಡಿ ರಜೆ ಹಾಕಿದೆನೆಂದರೆ ನೀಲವ್ವ ಏನೆನ್ನುತ್ತಾಳೋ ಎಂದು ಹೆದರಿ, ನಿನ್ನ ತವರಿಗೆ ಹೋಗಿ ಒಂದೂವರೆ ವರ್ಷ ಆಯಿತು, ಈ ಶನಿವಾರ ಹೋಗಿ ಬರೋಣ ಎಂದುಬಿಟ್ಟೆ. ಅವಳ ಮುಖ ಅರಳಿದ್ದನ್ನು ನೋಡಿ ನನಗೆ ಒಳಗೊಳಗೆ ನಾಚಿಕೆಯಾಯಿತು. ಅವತ್ತೇ ಶೇಂಗಾ ಹುರಿದು ಹೋಳಿಗೆಗೆ ಕೂತಳು. ಎರಡು ದಿನ ನಾನು ಹಾಲಿ ಎಂಬ ಮಾತು ಕೇಳಲಿಲ್ಲ.

ಗದಗು ಮುಟ್ಟಿದ ಸಂಜೆಯೇ ಕ್ಷೌರ ಮಾಡಿಸಿಕೊಂಡು ಬರುತ್ತೇನೆಂದು ಹೇಳಿ ಬಜಾರಕ್ಕೆ ಹೋದೆ. ಚೆಂಡು ಎಷ್ಟು ಚೆಂದ ಇತ್ತೆಂದರೆ ನಾನು ಅದನ್ನು ಎರಡು ಸಲ ಮೂಸಿ ನೋಡಿದೆ. ಗಂಟು ಬಿಚ್ಚಿ ಹನ್ನೆರಡು ರೂಪಾಯಿ ಸುರಿದೆ. ಅಂಗಡಿಯವರು ಒಂದನ್ನು ಎತ್ತಿ ಮಿನಾರು ನೋಡಿ, ಮೆಲ್ಲಗೆ ಕೆಳಗಿಟ್ಟು, "ಇವು ಹಾಲಿ ಅದಾವಲ್ರಿ" ಎಂದರು. ಆ ಕ್ಷಣದಲ್ಲಿ ನನಗಾದದ್ದನ್ನು ಹೇಗೆ ಹೇಳಲಿ? ಇಡೀ ದಿನ ಬೇರೆಯವರ ಬಟ್ಟಾ ಲೆಕ್ಕ ಹಾಕುವವನು, ಸ್ವಂತ ಕ್ಲಬ್ಬಿನ ಹನ್ನೆರಡು ರೂಪಾಯಿಗೆ ಬಟ್ಟಾ ಹಾಕುವುದನ್ನೇ ಮರೆತಿದ್ದೆ. ಹನ್ನೆರಡು ಕಲ್ದಾರಕ್ಕೆ ಹದಿನಾಲ್ಕು ಹಾಲಿ ಬೇಕು, ಎರಡು ಕಡಿಮೆ. ಶೆಟ್ಟರು ಕೊಪ್ಪಳದಲ್ಲಿ ಕೂತು ಕನ್ನಡಕ ಒರೆಸಿಕೊಂಡಂತೆ ಭಾಸವಾಯಿತು. ನಾಳೆ ಬರುತ್ತೇನೆ ಎಂದು ಹೇಳಿ, ನಾಳೆ ಎಲ್ಲಿಂದ ತರುತ್ತೇನೆಂದು ತಿಳಿಯದೆ, ರೂಪಾಯಿ ಬಳಿದುಕೊಂಡು ಹೊರಬಿದ್ದೆ. ಕ್ಷೌರ ಮಾಡಿಸಿಕೊಳ್ಳುವುದೂ ಮರೆತುಹೋಯಿತು.

ಮಾವನವರನ್ನು ಕೇಳಿದ್ದರೆ ಎರಡಲ್ಲ, ಹತ್ತು ಕೊಡುತ್ತಿದ್ದರು. ಆದರೆ ಅಳಿಯನಾದವನು ಮಾವನ ಮನೆಯಲ್ಲಿ ಏನನ್ನಾದರೂ ಕೇಳಬಹುದು, ಎರಡು ರೂಪಾಯಿ ಕೇಳಬಾರದು. ಊಟಕ್ಕೆ ಕೂತರೆ ತುತ್ತು ಇಳಿಯಲಿಲ್ಲ. ಹಲ್ಲುನೋವು ಎಂದೆ. ಅತ್ತೆಯವರು ಲವಂಗ ಕೊಟ್ಟರು. ಇಲ್ಲದ ಹಲ್ಲುನೋವಿಗೆ ಲವಂಗ ಅಗಿಯುತ್ತ, ಖಾಲಿ ಕೈಯಲ್ಲಿ ಕೊಪ್ಪಳದ ಸ್ಟೇಶನ್ನಿನಲ್ಲಿ ಇಳಿಯುವ ನನ್ನನ್ನೇ ನಾನು ನೋಡಿಕೊಂಡೆ. ಹಮಾಲಿಯ ಕೂಲಿ ಕೊಟ್ಟವನಿಗೆ ಏನು ಹೇಳುವುದು? ನೀಲವ್ವ ಒಮ್ಮೆ ನನ್ನ ಮುಖ ನೋಡಿದಳು, ಒಮ್ಮೆ ಬೆಳೆದ ತಲೆಗೂದಲು ನೋಡಿದಳು.

ಮರುದಿನ ಹೊರಡುವಾಗ ಅತ್ತೆಯವರು ಮಗಳಿಗೆ ಉಡಿ ತುಂಬಿದರು. ಅಕ್ಕಿ, ಕೊಬ್ಬರಿ ಬಟ್ಟಲು, ಉತ್ತತ್ತಿ, ಅರಿಷಿಣ ಕೊಂಬು, ಒಂದು ಕುಬಸದ ಖಣ, ಅದರ ಮೇಲೆ ಎರಡು ಕಲ್ದಾರ. ನಾನು ಬೇರೆ ಕಡೆ ನೋಡಿದೆ. ತವರಿನ ಉಡಿಗೆ ಬಿದ್ದದ್ದರ ಮೇಲೆ ಗಂಡನಾದವನು ಕಣ್ಣು ಹಾಕುವುದಕ್ಕಿಂತ ಕ್ಲಬ್ಬೇ ಮುಳುಗಿ ಹೋಗುವುದು ವಾಸಿ. ಟಾಂಗಾ ಹತ್ತಿದೆವು. ಹತ್ತು ಮಾರು ಹೋಗಿರಲಿಲ್ಲ, ನೀಲವ್ವ ಟಾಂಗಾದವನಿಗೆ, "ಯಪ್ಪಾ, ಗಾಡಿ ಬಜಾರದ ಕಡೆ ಹೊಳ್ಳಿಸು" ಎಂದಳು. ಏತಕ್ಕೆ ಎಂದು ಕೇಳಿದೆ. ಅವಳು ಉಡಿಯೊಳಗೆ ಕೈ ಹಾಕಿ ಎರಡು ಕಲ್ದಾರ ತೆಗೆದು ನನ್ನ ಅಂಗೈಯಲ್ಲಿಟ್ಟಳು.

"ಮನ್ಯಾಗ ನೀವು ಗಂಟು ಕಟ್ಟಿಕೊಳ್ಳೂವಾಗನ ನಾ ಎಣಿಸೀನ್ರಿ. ಹನ್ನೆರಡು, ಅದೂ ಹಾಲಿ. ಗದಗಿನ ಚೆಂಡಿಗೆ ಹನ್ನೆರಡು ಅಂತ ಓಣಿಗೆಲ್ಲಾ ಗೊತ್ತಿತ್ತು, ಹಾಲಿ ಸಾಲಂಗಿಲ್ಲ ಅಂತ ನನಗ ಗೊತ್ತಿತ್ತು."

ಹಾಗಾದರೆ ಅಲ್ಲಿಯೇ ಯಾಕೆ ಹೇಳಲಿಲ್ಲ ಎಂದು ಕೇಳಿದೆ.

"ಹೇಳಿದ್ರ ಇನ್ನೆರಡು ಕೂಡೂತನಕ ನಿಂದ್ರೂಣು ಅಂತಿದ್ರಿ. ನಾ ಅವ್ವನ ಮುಖ ನೋಡೂದು ಮತ್ತ ಯಾವಾಗ?"

ಅವಳಿಗೆ ಸುಳ್ಳು ಹೇಳಿ ಕರೆತಂದೆನೆಂದು ಎರಡು ದಿನದಿಂದ ನಾನು ಕೊರಗಿದ್ದೆ. ಅವಳು ನನ್ನ ಸುಳ್ಳನ್ನು ಗಂಟು ಸಮೇತ ಎಣಿಸಿ, ತಾಯಿಯ ಮುಖ ನೋಡುವ ಆಸೆಗೆ ಸುಮ್ಮನೆ ನನ್ನ ಜೊತೆ ನಡೆದು ಬಂದಿದ್ದಳು. ಒಂದೂವರೆ ವರ್ಷ ಆ ಆಸೆ ನನ್ನ ಕಣ್ಣಿಗೆ ಬಿದ್ದಿರಲಿಲ್ಲವಲ್ಲ ಎಂದು ಬಹಳ ಕೆಟ್ಟದೆನಿಸಿತು. ತಪ್ಪಾಯಿತು ಎಂದೆ. ಅವಳು, ತಪ್ಪು ಆಮೇಲೆ ನೋಡೋಣ, ಚಿಲ್ಲರೆ ನಾಲ್ಕಾಣೆ ಬರುತ್ತದೆ, ಮರೆಯದೆ ಇಸಿದುಕೊಳ್ಳಿ ಎಂದಳು. ಅಷ್ಟೇ ಅಲ್ಲ, ಅಂಗಡಿಯವರಿಂದ ಚೆಂಡಿಗೆ ಗಾಳಿ ತುಂಬಿಸಿ, ಕಲ್ದಾರ ಕೊಟ್ಟಿದ್ದೇವೆ ಎಂದು ಮೂರು ಸಲ ಪುಟಿಸಿ ತೋರಿಸಲು ಹಚ್ಚಿದಳು.

ಕೊಪ್ಪಳದಲ್ಲಿ ಇಳಿದರೆ ಇನ್ನೊಂದು ಗಂಡಾಂತರ. ಬೇರೆ ರಾಜ್ಯದಿಂದ ತಂದ ಹೊಸ ಸಾಮಾನಿಗೆ ಕರೋಡಗಿರಿಯ ಸುಂಕ ಕೊಡಬೇಕು. ಅದೂ ನನಗೆ ನೆನಪಿರಲಿಲ್ಲ. ನನ್ನ ಖಜಾಂಚಿತನ ಎಷ್ಟರದು ಎಂದು ಓದುಗರಿಗೆ ಇಷ್ಟರಲ್ಲಿ ತಿಳಿದಿರಬೇಕು. ಸುಂಕದ ನಾಕೆಯ ಮುದುಕ ಸಾಹೇಬರು ನನ್ನ ಕೈಯಲ್ಲಿದ್ದ ಚೆಂಡನ್ನು ನೋಡಿ, ಇದು ಹೊಸದೋ ಬಳಸಿದ್ದೋ, ಬಳಸಿದ್ದಕ್ಕೆ ಸುಂಕವಿಲ್ಲ ಎಂದರು. ನಾನು ಬಾಯಿ ಬಿಡುವುದರೊಳಗೆ ನೀಲವ್ವ ಚೆಂಡನ್ನು ನನ್ನ ಕೈಯಿಂದ ತೆಗೆದುಕೊಂಡು ನೆಲಕ್ಕಿಟ್ಟಳು. ತಲೆ ಮೇಲಿನ ಸೆರಗು ಸರಿಮಾಡಿಕೊಂಡು, ಉಡಿಯನ್ನು ಒಂದು ಕೈಯಲ್ಲಿ ಗಟ್ಟಿ ಹಿಡಿದು, ಬರಿಗಾಲಿನಿಂದ ಅದನ್ನೊಂದು ಒದ್ದಳು. ಚೆಂಡು ಪ್ಲಾಟ್‌ಫಾರ್ಮಿನ ಮೇಲೆ ನೇರವಾಗಿ ಉರುಳಿ ಬೇವಿನ ಗಿಡಕ್ಕೆ ತಾಗಿ ನಿಂತಿತು.

"ಬಳಸಿದ್ದೈತ್ರಿ ಸಾಹೇಬ್ರ" ಎಂದಳು.

ಸಾಹೇಬರು ಗಡ್ಡ ಅಲ್ಲಾಡುವ ಹಾಗೆ ನಕ್ಕರು. ತಾವೇ ಹೋಗಿ ಚೆಂಡು ತಂದು, ಧೂಳು ಒರೆಸಿ, ಬೇಟೀ ಎಂದು ಕರೆದು ಅವಳ ಕೈಗೇ ಕೊಟ್ಟರು.

ಗಂಗಾವತಿಯವರು ಬಂದರು. ಹೇಮಗುಡ್ಡದ ದುರ್ಗಮ್ಮನಿಗೆ ಕಾಯಿ ಒಡೆದು ಬಂದಿದ್ದರಂತೆ. ಇದು ಆಟದ ನಿಯಮಕ್ಕೆ ವಿರುದ್ಧ ಎಂಬುದು ನನ್ನ ಅಭಿಪ್ರಾಯ. ಸೋತದ್ದು ನಾವೇ. ಹೊಸ ಚೆಂಡು ಒದ್ದ ಕಡೆಗೇ ಹೋಗುತ್ತಿದ್ದುದರಿಂದ ನಮ್ಮವರಿಗೆ ಅಂದಾಜು ಸಿಗಲಿಲ್ಲ. ಆದರೆ ಚೆಂಡು ಛಲೋ ಇತ್ತು ಎಂದು ಅವರೂ ಹೇಳಿ ಹೋದರು, ಕ್ಲಬ್ಬಿನ ಮಾನ ಉಳಿಯಿತು. ಬಾವಿಕಟ್ಟೆಯ ಹತ್ತಿರ ಕೊಡ ಇಟ್ಟುಕೊಂಡು ಆಟ ಮುಗಿಯುವವರೆಗೆ ನಿಂತಿದ್ದ ನೀಲವ್ವ, ಎಡಗಡೆ ನಿಂತವನು ಚೆಂಡು ಬಂದಾಗಲೆಲ್ಲ ಧೋತರ ಸರಿಮಾಡಿಕೊಳ್ಳುತ್ತಾನೆ, ಅವನಿಗೊಂದು ಚಡ್ಡಿ ಹೊಲಿಸಿ ಎಂದಳು. ಮರುದಿನ ಚಹಾದಂಗಡಿಯಲ್ಲಿ ಇದನ್ನೇ ನನ್ನ ಅಭಿಪ್ರಾಯವೆಂದು ಹೇಳಿದೆ. ಇಷ್ಟು ವರ್ಷದಲ್ಲಿ ಮೊದಲ ಸಲ ಡ್ರಿಲ್ ಮಾಸ್ತರರು ತಲೆದೂಗಿದರು.

ಚೆಂಡಿನ ತೊಗಲಿನ ಮೇಲೆ ಅವಳ ಕಾಲುಂಗುರದ ಒಂದು ಸಣ್ಣ ಗೀರು ಇತ್ತು. ಅಂಗಡಿಯವನು ಹಾನಿಯ ಮಾಲು ಕೊಟ್ಟಿದ್ದಾನೆಂದು ಆಟಗಾರರು ಗೊಣಗಿದರು, ನಾನು ಸುಮ್ಮನಿದ್ದೆ. ಆ ಎರಡು ಕಲ್ದಾರ ತಿರುಗಿ ಕೊಡಲು ಹೋದರೆ, ಉಡಿಗೆ ಬಂದದ್ದನ್ನು ಕೊಟ್ಟ ಮೇಲೆ ವಾಪಸು ಪಡೆಯುವಂತಿಲ್ಲ ಎಂದಳು. ಮುಂದಿನ ವರ್ಷ ಕ್ಲಬ್ಬಿಗೆ ಯಾವ ಚೆಂಡೂ ಬೇಕಿರಲಿಲ್ಲ. ಆದರೂ ನಾನು ಅವಳನ್ನು ಗದಗಿಗೆ ಕರೆದುಕೊಂಡು ಹೋದೆ. ಅವಳು ನಂಬಲಿಲ್ಲ. ಬನ್ನಿಕೊಪ್ಪ ದಾಟುವುದರೊಳಗೆ ನನ್ನ ಅಂಗವಸ್ತ್ರದ ನಾಲ್ಕೂ ತುದಿ ಹಿಚುಕಿ ನೋಡಿದಳು.

ಈಗ ನಿಜಾಮರ ರಾಜ್ಯವೂ ಇಲ್ಲ, ನಾಕೆಯೂ ಇಲ್ಲ. ಹಾಲಿ ಸಿಕ್ಕಾ ಚಲಾವಣೆಯಿಂದ ಹೋಯಿತೆಂದು ತಿಳಿದ ದಿನ ನಾನು ಮನೆಗೆ ಬಂದು, ಇನ್ನು ಮೇಲೆ ನಿನ್ನ ರೂಪಾಯಿಯೂ ನನ್ನ ರೂಪಾಯಿಯೂ ಒಂದೇ ಬೆಲೆ ಎಂದು ತುಸು ಗತ್ತಿನಿಂದಲೇ ಹೇಳಿದೆ. ನೀಲವ್ವ ಅಕ್ಕಿ ಆರಿಸುತ್ತ ಕೂತಿದ್ದಳು. ತಲೆ ಎತ್ತದೆ, "ಹಾಲಿ ಎಲ್ಲಾ ಸರ್ಕಾರಕ್ಕ ಕೊಟ್ಟುಬಿಡ್ರಿ ಅಂದಾರಂತ. ಒಂದನ್ನ ಮಾತ್ರ ನಾ ಕೊಟ್ಟಿಲ್ಲ, ಇಟಗೊಂಡೀನಿ" ಎಂದಳು.

ಆ ಒಂದಕ್ಕೆ ಈಗ ಬಟ್ಟಾ ಎಷ್ಟು ನಡೆಯುತ್ತದೆ ಎಂದು ಕೇಳುವ ಧೈರ್ಯ ಈ ಖಜಾಂಚಿಗೆ ಇನ್ನೂ ಬಂದಿಲ್ಲ.