ಇದ್ದದ್ದನ್ನಷ್ಟೇ ಹೇಳುವ ಷಡ್ಡಕ

ನನ್ನ ಷಡ್ಡಕನಿಗೆ ತಲೆ ಕೆಟ್ಟಿದೆ ಎಂದು ನಾನು ಹೇಳಿದಾಗಲೆಲ್ಲ ನನ್ನ ಹೆಂಡತಿ ಅದನ್ನು ಹೊಟ್ಟೆಕಿಚ್ಚು ಎನ್ನುತ್ತಾಳೆ. ಹೊಟ್ಟೆಕಿಚ್ಚು ಹೌದು, ನಾನೇನು ಇಲ್ಲ ಎಂದೆನೇ? ಆದರೆ ಅವನ ತಲೆ ಕೆಟ್ಟಿರುವುದೂ ಅಷ್ಟೇ ನಿಜ! ಎರಡೂ ಒಟ್ಟಿಗೆ ಇರಬಾರದೆಂದು ಯಾವ ಕಾನೂನೂ ಇಲ್ಲ.

ಅವನು ನನ್ನ ಹೆಂಡತಿಯ ತಂಗಿಯ ಗಂಡ. ಇರುವುದು ಹಳಿಯಾಳದಲ್ಲಿ, ಕೆಲಸವೂ ಮನೆಯಲ್ಲೇ. ನಾನು ದಾಂಡೇಲಿಯಲ್ಲಿ ಕ್ಯಾಮೆರಾ, ಕೇಬಲ್ ಮಾರುವ ಅಂಗಡಿ ಇಟ್ಟವನು. ಅತ್ತೆ ಇರುವುದು ಮುಂಡಗೋಡದಲ್ಲಿ. ಅವರಿಗೆ ಹಿರಿಯ ಅಳಿಯ ನಾನು. ಆದರೂ ಅವರು ‘ನಮ್ಮ ಅಳಿಯ’ ಎಂದರೆ ಅದು ಅವನೇ. ನನ್ನ ಹೆಸರು ‘ದಾಂಡೇಲಿಯಾಂವ’. ದಾಂಡೇಲಿಯಲ್ಲಿ ಅಷ್ಟು ಜನ ಇದ್ದಾರಲ್ಲ, ಅವರಲ್ಲಿ ನಾನೂ ಒಬ್ಬ!

ಅವನ ಕೆಲಸವಾದರೂ ಏನು? ನನ್ನ ಅಂಗಡಿಯಲ್ಲಿ ನೆಟ್‌ವರ್ಕ್ ಸ್ವಿಚ್ ಎಂಬ ಪೆಟ್ಟಿಗೆ ಸಿಗುತ್ತದೆ. ಮುಂದೆ ಸಾಲಾಗಿ ತೂತುಗಳು. ಒಂದೊಂದಕ್ಕೆ ಒಂದು ಕೇಬಲ್ ಸಿಕ್ಕಿಸಿದರೆ ಅದರಲ್ಲೇ ಚಿತ್ರ ಬರುತ್ತದೆ, ಅದರಲ್ಲೇ ಕ್ಯಾಮೆರಾಕ್ಕೆ ಕರೆಂಟೂ ಹೋಗುತ್ತದೆ. ಒಳಗೆ ಕರೆಂಟು ಹಂಚುವ ಚಿಪ್ಪುಗಳಿವೆ. ಯಾವ ತೂತು ಯಾವ ಚಿಪ್ಪಿನ ಯಾವ ಕಾಲಿಗೆ ಸೇರಿದೆ ಎಂಬುದು ಪೆಟ್ಟಿಗೆಯನ್ನು ನಡೆಸುವ ಆಪರೇಟಿಂಗ್ ಸಿಸ್ಟಮ್ಮಿಗೆ ತಾನಾಗಿ ತಿಳಿಯುವುದಿಲ್ಲ. ಅದರ ಡ್ರೈವರ್ ಎಂಬ ಪ್ರೋಗ್ರಾಂ ಓದಿಕೊಳ್ಳುವಂತೆ ಯಾರಾದರೂ ಬರೆದುಕೊಡಬೇಕು. ಆ ಯಾರಾದರೂ ಎಂದರೆ ನನ್ನ ಷಡ್ಡಕ! ಈ ಬರವಣಿಗೆಗೆ ಒಂದು ಮಡಿಯಿದೆಯಂತೆ. ಏನಿದೆಯೋ ಅದನ್ನಷ್ಟೇ ಬರೆಯಬೇಕು. ಏನು ಮಾಡಬೇಕು ಎಂಬುದನ್ನು ಅದರೊಳಗೆ ತರಬಾರದು.

ಈ ಮಡಿಯನ್ನು ಅವನು ಊಟದ ತಾಟಿನವರೆಗೂ ತಂದಿದ್ದಾನೆ. ಒಮ್ಮೆ ಅತ್ತೆ ಸಾರು ಹೇಗಿದೆ ಎಂದು ಕೇಳಿದರು. “ಉಪ್ಪು ಐತಿ, ಹುಳಿ ಐತಿ, ಬೆಲ್ಲ ಸ್ವಲ್ಪ ಮುಂದೈತಿ” ಎಂದ. ಚೆನ್ನಾಗಿದೆ ಎನ್ನಲಿಲ್ಲ, ಇಲ್ಲ ಎನ್ನಲೂ ಇಲ್ಲ. ಅತ್ತೆಗೆ ಸಿಟ್ಟು ಬರುತ್ತದೆಂದು ನಾನು ಆಸೆಯಿಂದ ಕಾದೆ. ಅವರು ಹಿಗ್ಗಿ ಹೋಗಿ, ನಿಜ ಹೇಳುವವನು ಇವನೊಬ್ಬನೇ ಎಂದು ಅವನಿಗೆ ಇನ್ನೊಂದು ಸೌಟು ಬಡಿಸಿದರು. ಮದುವೆಯಾದಂದಿನಿಂದ ಅದೇ ಸಾರನ್ನು ಅಮೃತ ಎನ್ನುತ್ತಾ ಬಂದ ನನ್ನ ತಾಟು ಬರಿದಾಗಿಯೇ ಇತ್ತು.

ಆಮೇಲೆ ಜೋಯಿಡಾ ಕಡೆಯ ಒಂದು ಹೋಂಸ್ಟೇಗೆ ಕ್ಯಾಮೆರಾ ಹಾಕುವ ಕೆಲಸ ನನಗೆ ಬಂತು. ಎಲ್ಲ ಹಾಕಿ ನೋಡುತ್ತೇನೆ, ಗೇಟಿನ ಕ್ಯಾಮೆರಾ ಬಂದ್ ಮಾಡಿದರೆ ಅಡುಗೆಮನೆಯ ಕ್ಯಾಮೆರಾ ಬಂದ್ ಆಗುತ್ತದೆ! ಪೆಟ್ಟಿಗೆಯ ಮೇಲೆ ಅಚ್ಚಾದ ನಂಬರು ಬೇರೆ, ಒಳಗಿನ ಜೋಡಣೆ ಬೇರೆ. ನಾನು ಬಿಳಿ ಟೇಪು ಅಂಟಿಸಿ ಸರಿಯಾದ ನಂಬರು ಬರೆದೆ, ಕೆಲಸ ಮುಗಿಯಿತು. ಷಡ್ಡಕನಿಗೆ ಈ ಸುದ್ದಿ ಹೇಗೋ ಮುಟ್ಟಿತು. ಮರುದಿನವೇ ಬಂದು ಪೆಟ್ಟಿಗೆ ಬಿಚ್ಚಿ, ಮಾಲೀಕನ ಊಟದ ಮೇಜಿನ ಮೇಲೆ ಹರಡಿ, ಭೂತಗನ್ನಡಿ ಹಿಡಿದು ಕುಳಿತ. ಅತಿಥಿಗಳು ಅಂದು ಅಂಗಳದಲ್ಲಿ ನಿಂತು ಉಂಡರು.

ಒಳಗಿನ ಜೋಡಣೆ ನೋಡಿ ಅವನು ಬರೆದದ್ದು ಆ ಸಿಸ್ಟಮ್ಮನ್ನು ಕಾಯುವ ದೇಶವಿದೇಶದ ಮಂದಿಗೆ ಹೋಯಿತು. ಯಾವುದೋ ಚಳಿದೇಶದವನು, ನೀನು ಇದ್ದದ್ದರ ಜೊತೆಗೆ ಆಗಬೇಕಾದದ್ದನ್ನೂ ಬರೆದಿದ್ದೀಯಲ್ಲ ಎಂದು ವಾಪಸು ಕಳಿಸಿದ. ಬೈಸಿಕೊಂಡು ಇಷ್ಟು ಖುಷಿಪಟ್ಟವನನ್ನು ನಾನು ಬೇರೆಲ್ಲೂ ಕಂಡಿಲ್ಲ! ತಿದ್ದಿದ, ಮತ್ತೆ ಕಳಿಸಿದ, ಮತ್ತೆ ತಿದ್ದಿದ. ಕೊನೆಗೆ ಅದು ಒಪ್ಪಿಗೆಯಾದ ದಿನ ಅತ್ತೆ ಮುಂಡಗೋಡದ ತಮ್ಮ ಓಣಿಗೆಲ್ಲ ಪೇಡೆ ಹಂಚಿದರು. ಅಷ್ಟರಲ್ಲಿ ಹೋಂಸ್ಟೇಯವನು ಬೇಸತ್ತು ಆ ಪೆಟ್ಟಿಗೆಯನ್ನೇ ಬದಲಿಸಿಬಿಟ್ಟಿದ್ದ. ನನ್ನ ಬಿಳಿ ಟೇಪಿಗೆ ಯಾರಾದರೂ ಒಂದು ಕಪ್ ಚಹಾ ಕೊಟ್ಟರೇ?

ಈಚೆಗೆ ಅತ್ತೆಯ ಮೊಣಕಾಲಿಗೆ ಧಾರವಾಡದಲ್ಲಿ ಆಪರೇಷನ್ ಆಯಿತು. ಮುಂಡಗೋಡದ ಅವರ ಮನೆ ಮಹಡಿಯ ಮೇಲೆ. ಡಾಕ್ಟರು ಎರಡು ತಿಂಗಳು ಮೆಟ್ಟಿಲು ಬೇಡ ಎಂದರು. ಹಾಗಾದರೆ ಯಾವ ಮಗಳ ಮನೆ? ಯಾರನ್ನು ಕೇಳಿದರೂ ಹಳಿಯಾಳ ಎನ್ನುವವರೇ. ಒಮ್ಮೆ, ಒಂದೇ ಒಂದು ಸಲ, ಎಲ್ಲರ ಎದುರಿಗೆ ಅತ್ತೆ ನನ್ನನ್ನು ಆರಿಸಬೇಕೆಂದು ನನಗೆಷ್ಟು ಆಸೆಯಿತ್ತು ಎಂಬುದನ್ನು ಹೆಂಡತಿಗೂ ಹೇಳಿರಲಿಲ್ಲ.

ಆಸ್ಪತ್ರೆಯಿಂದ ಕರೆದುಕೊಂಡು ಬರುವಾಗ ಹಳಿಯಾಳದಲ್ಲಿ ಅವನ ಮನೆಯಲ್ಲಿ ಚಹಾಕ್ಕೆ ಇಳಿದೆವು. ಅತ್ತೆ ಕುರ್ಚಿಯಲ್ಲಿ ಕುಳಿತು ನೇರವಾಗಿ ಅವನನ್ನೇ ಕೇಳಿದರು, ತಾವು ಎಲ್ಲಿರಬೇಕೆಂದು. ನನ್ನ ಕಥೆ ಮುಗಿಯಿತು ಎಂದುಕೊಂಡೆ.

ಅವನು ಕಪ್ಪು ಕೆಳಗಿಟ್ಟ. “ಎಲ್ಲಿರ್ರಿ ಅಂತ ನಾ ಹೇಳಂಗಿಲ್ಲ ಅತ್ತಿ. ಹೆಂಗೈತಿ ಅಷ್ಟ ಹೇಳ್ತೇನಿ. ನಾ ಕೆಲಸಕ್ಕ ಕುಂತ್ರ ಕರದದ್ದು ಕೇಳಂಗಿಲ್ಲ. ನಿಮ್ಮ ಮಗಳು ಸಾಲಿಗೆ ಕಲಿಸಾಕ ಹೋದ್ರ ಬರೂದು ಸಂಜೀಕ. ದಾಂಡೇಲಿ ಅಣ್ಣಾರ ಹಂಗಲ್ಲ. ದವಾಖಾನ್ಯಾಗ ನೀವು ಮಗ್ಗಲಾ ಹೊಳ್ಳಿದ್ರ ಸಾಕು, ಎದ್ದು ನಿಂದರ್ತಿದ್ರು. ಅಷ್ಟೂ ದಿನಾ ಅಂಗಡಿ ಬಾಗಲಾ ಹಾಕ್ಯಾರ. ನಿಮಗ ಹೇಳಿಲ್ಲ.”

ಅತ್ತೆ ಕುರ್ಚಿಯಲ್ಲೇ ನನ್ನ ಕಡೆ ತಿರುಗಿದರು. “ಹಂಗಾರ ದಾಂಡೇಲಿಗೇ ಹೋಗೂಣು” ಎಂದರು.

ಗೆದ್ದೆ! ಹಲ್ಲು ಕಿಸಿಯುವುದು ಯಾರಿಗೂ ಕಾಣಬಾರದೆಂದು ಮುಖ ತೊಳೆಯುವ ನೆಪದಲ್ಲಿ ಒಳಗೆ ಹೋದೆ. ಬಚ್ಚಲಿನ ಗೋಡೆಗೆ, ಹಿಡಿದು ಏಳಲೆಂದು, ಹೊಸ ಸ್ಟೀಲಿನ ಹಿಡಿಕೆ ಹಾಕಿತ್ತು. ಅದರ ಸುತ್ತ ಸಿಮೆಂಟು ಇನ್ನೂ ಹಸಿ. ಪಕ್ಕದ ಕೋಣೆ ಅವನು ಕೆಲಸ ಮಾಡುವ ಕೋಣೆ. ಅಲ್ಲಿ ಮೇಜಿರಲಿಲ್ಲ. ಗಿಡ್ಡ ಕಾಲಿನ ಹೊಸ ಮಂಚ, ಅದರ ಮೇಲೆ ಹೂವಿನ ಚಾದರ. ಅವನು ಯಾರಿಗೂ ಮುಟ್ಟಗೊಡದ ಪೆಟ್ಟಿಗೆಗಳೆಲ್ಲ ಹಿತ್ತಿಲ ಬಾಗಿಲ ಹತ್ತಿರ ರಾಶಿ ಬಿದ್ದಿದ್ದವು.

ನಾನು ಹೊರಗೆ ಬಂದಾಗ ಅವನು ಅತ್ತೆಯ ವಾಕರನ್ನು ಗಾಡಿಯಲ್ಲಿ ಇಡುತ್ತಿದ್ದ. ಅವರು ಇಲ್ಲಿಗೆ ಬರಲೆಂದು ನಿನಗೂ ಆಸೆಯಿತ್ತಲ್ಲ, ಮತ್ತೆ ಯಾಕೆ ಹೇಳಲಿಲ್ಲ ಎಂದು ಕೇಳಿದೆ.

“ಅದು ನನ್ನ ಆಸೆ ಆತ್ರಿ ಅಣ್ಣಾರ. ಅವರ ಕಾಲಿಗೆ ಅದರಿಂದ ಏನಾಗೂದೈತಿ?” ಎಂದ. ತಲೆ ಎತ್ತಲಿಲ್ಲ.

ಇವನ ಮೇಲೆ ಹೊಟ್ಟೆಕಿಚ್ಚು ಪಡಬೇಕಾದದ್ದು ಯಾವುದಕ್ಕೆ ಎಂಬುದು ಇಷ್ಟು ವರ್ಷದ ಮೇಲೆ ನನಗೆ ತಿಳಿಯಿತು.

“ಮಂಚ ಬಿಚ್ಚು” ಎಂದೆ. “ಗಾಡಿ ಮ್ಯಾಲ ಕಟ್ಟೂಣು. ನಮ್ಮನ್ಯಾಗೂ ಅತ್ತಿ ಅದರ ಮ್ಯಾಲ ಮಲಗ್ಲಿ.”

ಅವನು ನನ್ನ ಮುಖ ನೋಡಿದ. ಆಮೇಲೆ ನಟ್ಟು ಬಿಚ್ಚುವ ಪಾನಾ ತರಲು ಒಳಗೆ ಓಡಿದ. ಅವನು ಓಡಿದ್ದನ್ನು ನಾನು ನೋಡಿದ್ದು ಅದೇ ಮೊದಲು.