ನನ್ನ ಪಾಠ ಕಸಿದ ಚಹಾ ಯಂತ್ರದ ಸನ್ನಿಧಾನಕ್ಕೆ

ಮಾನ್ಯ ಚಹಾ ಯಂತ್ರದವರೇ,

ಎಂಜಿನಿಯರಿಂಗ್ ಕಾಲೇಜಿನ ನೆಲಮಹಡಿಯಲ್ಲಿ, ಪ್ರಯೋಗಾಲಯಕ್ಕೂ ಮೆಟ್ಟಿಲಿಗೂ ನಡುವೆ, ಗೋಡೆಗೆ ಬೆನ್ನು ಕೊಟ್ಟು ಹಗಲಿಡೀ ನಿಂತೇ ದುಡಿಯುವ ತಮಗೆ, ಅದೇ ಕಟ್ಟಡದ ಮೇಲಿನ ಮಹಡಿಯಲ್ಲಿ ವಾರಕ್ಕೊಂದು ಗಂಟೆ ನಿಂತು ದುಡಿಯುವ ತಾತ್ಕಾಲಿಕ ಅರ್ಥಶಾಸ್ತ್ರ ಬೋಧಕಿಯ ಗೌರವಪೂರ್ವಕ ವಂದನೆಗಳು. ತಮ್ಮ ನೀರಿನ ತೊಟ್ಟಿ ಸದಾ ತುಂಬಿರಲಿ, ಸಕ್ಕರೆಯ ಕೊಳವೆಗೆ ಇರುವೆ ನುಗ್ಗದಿರಲಿ, ಲೋಟ ಬೀಳುವ ಮೊದಲೇ ಚಹಾ ಸುರಿಸಿಬಿಡುವ ತಮ್ಮ ಹಳೆಯ ಅವಸರ ಕೊಂಚ ತಗ್ಗಲಿ ಎಂದು ಹಾರೈಸಿ ನೇರವಾಗಿ ವಿಷಯಕ್ಕೆ ಬರುತ್ತೇನೆ: ತಾವು ನನ್ನ ಕೆಲಸವನ್ನು ಕಿತ್ತುಕೊಳ್ಳುತ್ತಿದ್ದೀರಿ.

ನಮ್ಮ ಪ್ರಾಂಶುಪಾಲರು ಕಳೆದ ವಾರ ನನ್ನನ್ನು ತಮ್ಮ ಕೋಣೆಗೆ ಕರೆಸಿ, ಕುರ್ಚಿ ತೋರಿಸಿ, ಬಹಳ ಪ್ರೀತಿಯಿಂದ, "ನೋಡಮ್ಮ, ಆ ಯಂತ್ರ ದಿನವಿಡೀ ಅರ್ಥಶಾಸ್ತ್ರ ಕಲಿಸ್ತಾ ಇದೆ. ಅದಕ್ಕೆ ರಜೆ ಬೇಡ, ಸೀಮೆಸುಣ್ಣ ಬೇಡ. ನಿಮ್ಮ ಆ ಒಂದು ಗಂಟೆನ ಡ್ರಾಯಿಂಗ್‌ಗೆ ಕೊಟ್ಟುಬಿಡೋಣ ಅಂತ" ಎಂದರು. ಸೋಮವಾರದ ಸಭೆಯಲ್ಲಿ ಅದಕ್ಕೆ ಮುದ್ರೆ ಬೀಳಲಿದೆ ಎಂದೂ ಸೇರಿಸಿದರು. ಮನೆಗೆ ಹೋಗಿ ಹೇಳಿದರೆ ಅಮ್ಮ ತರಕಾರಿ ಹೆಚ್ಚುವುದನ್ನು ಸಹ ನಿಲ್ಲಿಸದೆ, "ಹೋಗಿ ಹೋಗಿ ಚಹಾ ಡಬ್ಬಿ ಜೊತೆ ಪೈಪೋಟಿಗೆ ಬಿದ್ಯಲ್ಲೇ, ಅದರ ಹತ್ರಾನೂ ಸೋತ್ಯಾ" ಎಂದು ಕೇಳಿದಳು. ತಮ್ಮನ್ನು ಡಬ್ಬಿ ಎಂದದ್ದಕ್ಕೆ ಅವಳ ಪರವಾಗಿ ಕ್ಷಮೆ ಕೋರುತ್ತೇನೆ.

ನಾನು ಅರ್ಥಶಾಸ್ತ್ರವನ್ನು ಪರೀಕ್ಷೆಗಾಗಿ ಓದಿದ್ದು ದಪ್ಪ ಪುಸ್ತಕಗಳಲ್ಲಿ, ಕಲಿತದ್ದು ಮಾತ್ರ ಬೀದಿ ಮೂಲೆಯಲ್ಲಿ ಹಂಚುವ ಕಿರುಹೊತ್ತಿಗೆಗಳಲ್ಲಿ. ಬೆಲೆ ಎನ್ನುವುದು ಆಕಾಶದಿಂದ ಉದುರುವುದಿಲ್ಲ, ಅದನ್ನು ಮನುಷ್ಯರೇ ಮನುಷ್ಯರಿಗೆ ಇಡುತ್ತಾರೆ, ಆದ್ದರಿಂದ ಮನುಷ್ಯರೇ ಅದನ್ನು ಪ್ರಶ್ನಿಸಬಹುದು ಎಂದು ನನಗೆ ಹೇಳಿಕೊಟ್ಟದ್ದು ಪಿನ್ನು ಹೊಡೆದ, ಓದಿ ಮುಗಿಸುವಷ್ಟರಲ್ಲಿ ಮಸಿಯೆಲ್ಲ ಬೆರಳಿಗೆ ಅಂಟುವ ಆ ಹಾಳೆಗಳು. ನಾಳೆ ಸೇತುವೆ ಕಟ್ಟುವವರ, ಮೋಟಾರು ತಯಾರಿಸುವವರ ತಲೆಗೆ ಈ ಒಂದೇ ಒಂದು ಮಾತನ್ನು ಇಳಿಸಿಬಿಡಬೇಕೆಂಬ ಹಟದಿಂದಲೇ ನಾನು ಇಲ್ಲಿಗೆ ಸೇರಿದ್ದು. ಮಕ್ಕಳು ಚಿನ್ನದಂಥವರು. ಬಡತನದ ಬಗ್ಗೆ ಹೇಳಿದರೆ "ಅದರ ಏಕಮಾನ ಯಾವುದು ಮೇಡಂ" ಎಂದು ಕೇಳುತ್ತಾರೆ. ಮಾರುಕಟ್ಟೆಯ ಬಗ್ಗೆ ಹೇಳಿದರೆ "ಇದರ ಆಫ್ ಸ್ವಿಚ್ ಎಲ್ಲಿರುತ್ತೆ" ಎಂದು ಕೇಳುತ್ತಾರೆ. ನನ್ನ ಕಿರುಹೊತ್ತಿಗೆಗಳೆಲ್ಲ ಹುಡುಕಿದ್ದೂ ಅದನ್ನೇ ಆದ್ದರಿಂದ ನನಗೆ ಮೈ ಜುಮ್ಮೆನ್ನುತ್ತದೆ.

ಕೊಳ್ಳುವವರು ಹೆಚ್ಚಿದರೆ ಬೆಲೆ ಏರುತ್ತದೆ, ಕಡಿಮೆಯಾದರೆ ಇಳಿಯುತ್ತದೆ ಎಂದು ನಾನೊಮ್ಮೆ ಹಲಗೆಯ ಮೇಲೆ ಎರಡು ಗೆರೆ ಎಳೆದು ತೋರಿಸಿದೆ. ಲೋಕದಲ್ಲಿ ಹೀಗೆ ನಡೆಯುತ್ತದೆ, ನಡೆಯಬೇಕೇ ಎಂಬುದನ್ನು ಮುಂದಿನ ಪಾಠಗಳಲ್ಲಿ ವಿಚಾರಿಸಿಕೊಳ್ಳೋಣ ಎನ್ನುವುದು ನನ್ನ ಉದ್ದೇಶವಾಗಿತ್ತು. ಆದರೆ ಎಂಜಿನಿಯರಿಂಗ್ ವಿದ್ಯಾರ್ಥಿಗೆ ಹಲಗೆಯ ಮೇಲೆ ಗೆರೆ ಕಂಡರೆ ಅದು ಲೋಕದ ವರ್ಣನೆಯಲ್ಲ, ಯಾರೋ ಕಟ್ಟಿಕೊಡಿ ಎಂದು ಒಪ್ಪಿಸಿದ ನಕ್ಷೆ. ತರಗತಿಯಲ್ಲಿ ಎಲ್ಲರೂ ಸ್ಪ್ಯಾನರ್ ಎಂದು ಕರೆಯುವ ಹುಡುಗ ಪಾಠ ಮುಗಿಯುವ ಮೊದಲೇ ಎದ್ದು, "ಆಗುತ್ತೆ ಮೇಡಂ, ಒಂದು ವಾರ ಕೊಡಿ" ಎಂದ. ನಾನು ಅದನ್ನು ಉತ್ಸಾಹವೆಂದು ಭಾವಿಸಿ ಹೊಗಳಿದೆ.

ವಾರದೊಳಗೆ ತಮ್ಮ ಹಣೆಯಲ್ಲಿ ಒಂದು ಕಣ್ಣು, ಎದೆಯಲ್ಲಿ ಕೆಂಪು ಅಂಕಿಗಳು ಮೂಡಿದವು. ಎದುರು ನಿಂತವರನ್ನು ಕಣ್ಣು ಎಣಿಸುತ್ತದೆ, ಜನ ಸೇರಿದಂತೆ ಅಂಕಿ ಏರುತ್ತದೆ, ಜನ ಚದುರಿದಂತೆ ಇಳಿಯುತ್ತದೆ. ಪ್ರಾಂಶುಪಾಲರು ರಿಬ್ಬನ್ ಕತ್ತರಿಸಿ ಮೊದಲ ಲೋಟ ಕೊಂಡರು. ಚಪ್ಪಾಳೆ ತಟ್ಟಲು ಇಡೀ ಕಾಲೇಜು ತಮ್ಮ ಮುಂದೆ ನೆರೆದಿದ್ದರಿಂದ ಆ ಲೋಟದ ಬೆಲೆಗೆ ಒಂದು ಜೊತೆ ಚಪ್ಪಲಿ ಬರುತ್ತಿತ್ತು.

ಅಂದಿನಿಂದ ತಮ್ಮ ಸನ್ನಿಧಾನದಲ್ಲಿ ನಡೆಯುತ್ತಿರುವುದನ್ನು ಬಣ್ಣಿಸಲು ನನ್ನ ಲೇಖನಿ ಸಾಲದು. ಚಹಾ ವಿರಾಮದ ಗಂಟೆಯಾದ ಕೂಡಲೇ ನೂರಾರು ಜನ ಓಡಿಬಂದು, ತಮ್ಮ ಕಣ್ಣಿಗೆ ಬೀಳದಂತೆ ಕಂಬಗಳ ಹಿಂದೆ, ಮೆಟ್ಟಿಲ ಕೆಳಗೆ, ಬಾಗಿಲ ಮರೆಯಲ್ಲಿ ಉಸಿರು ಬಿಗಿಹಿಡಿದು ನಿಲ್ಲುತ್ತಾರೆ. ಎದುರಿಗೆ ಯಾರೂ ಇಲ್ಲವೆಂದು ತಾವು ಬೆಲೆ ಇಳಿಸುತ್ತೀರಿ. ಇಳಿಯಿತೆಂದು ಎಲ್ಲರೂ ಒಟ್ಟಿಗೆ ಮುನ್ನುಗ್ಗುತ್ತಾರೆ. ತಾವು ಗಾಬರಿಯಿಂದ ಏರಿಸುತ್ತೀರಿ. ಏರಿತೆಂದು ಎಲ್ಲರೂ ಮತ್ತೆ ಕಂಬದ ಹಿಂದಕ್ಕೆ ಓಡುತ್ತಾರೆ. ಹೀಗೆ ಸಮುದ್ರದಂತೆ ಉಬ್ಬಿಳಿದು ವಿರಾಮ ಮುಗಿಯುತ್ತದೆ, ಯಾರ ಗಂಟಲಿಗೂ ಒಂದು ಹನಿ ಇಳಿದಿರುವುದಿಲ್ಲ, ಮತ್ತು ಆ ಒಣಗಂಟಲುಗಳೆಲ್ಲ ನೇರವಾಗಿ ಬರುವುದು ನನ್ನ ತರಗತಿಗೆ.

ಆಮೇಲೆ, ಒಬ್ಬನೇ ನಿಂತರೆ ಬೆಲೆ ಏರದೆಂದು, ಸ್ಪ್ಯಾನರ್ ಎಲ್ಲರ ನಾಣ್ಯ ಹಿಡಿದು ತಮ್ಮ ಮುಂದೆ ನಿಲ್ಲತೊಡಗಿದ; ಕೂಲಿಯೆಂದು ಪ್ರತಿ ಲೋಟದಿಂದ ಒಂದು ಗುಟುಕು ಪಡೆದ. ಮರುದಿನವೇ ಇನ್ನೊಬ್ಬ ಅರ್ಧ ಗುಟುಕಿಗೆ ತಂದುಕೊಡುವುದಾಗಿ ಸಾರಿದ. ಅದರ ಮರುದಿನ ಇಬ್ಬರೂ ಮೆಟ್ಟಿಲ ಕೆಳಗೆ ಕೈಕುಲುಕಿ, ಇನ್ನು ಮೇಲೆ ಎರಡು ಗುಟುಕು ಎಂದು ತೀರ್ಮಾನಿಸಿದರು. ಮಾನ್ಯರೇ, ಮನುಕುಲ ಶತಮಾನಗಟ್ಟಲೆ ಬೆವರು ಸುರಿಸಿ ತಲುಪಿದ ದುರವಸ್ಥೆಗೆ ತಾವು ನಮ್ಮನ್ನು ಬುಧವಾರದೊಳಗೆ ತಲುಪಿಸಿದಿರಿ. ಇಷ್ಟು ವೇಗವಾಗಿ ಪಠ್ಯಕ್ರಮ ಮುಗಿಸುವುದು ನನ್ನಿಂದ ಎಂದಿಗೂ ಆಗುತ್ತಿರಲಿಲ್ಲ.

ಆದ್ದರಿಂದ ನನ್ನ ಸ್ಥಾನ ತಮ್ಮದೇ ಆಗುವುದಾದರೆ ಪೂರ್ತಿಯಾಗಿ ಆಗಲಿ ಎಂದು ಬೇಡಿಕೊಳ್ಳುತ್ತೇನೆ. ದಯವಿಟ್ಟು ಮೇಲಿನ ಮಹಡಿಗೆ ತಾವೇ ಹತ್ತಿ ಬಂದು ಹಾಜರಿ ಕರೆಯಿರಿ. ಮಧ್ಯಾಹ್ನದ ಬಿಸಿಲಿಗೆ ತೂಕಡಿಸುವ ಕೊನೆಯ ಬೆಂಚನ್ನು ತಮ್ಮ ಹಬೆಯಿಂದ ಎಬ್ಬಿಸಿರಿ. ಎಲ್ಲರೂ ಒಬ್ಬರದನ್ನೇ ನೋಡಿ ಬರೆದ ಉತ್ತರಗಳನ್ನು ತಿದ್ದಿ, ಬರೆದವರು ಹೆಚ್ಚಾದಂತೆ ಅಂಕ ಇಳಿಸಿರಿ. ಹಾಗೆಯೇ ಯಾರಾದರೂ ಎದ್ದು "ಯಾಕೆ" ಎಂದು ಕೇಳಿದರೆ, ಲೋಟವನ್ನಲ್ಲ, ಉತ್ತರವನ್ನು ಕೊಡಿರಿ.

ಏಕೆಂದರೆ ಮೊನ್ನೆ ಒಬ್ಬಳು ಕೇಳಿದಳು. ವರ್ಷವಿಡೀ ಬಾಯಿ ಬಿಡದೆ ಮೌನಿ ಎಂದೇ ಹೆಸರಾದವಳು ಎದ್ದು, "ಮೇಡಂ, ಎದುರಿಗೆ ನಿಂತವರನ್ನ ಮಾತ್ರ ಇದು ಎಣಿಸುತ್ತೆ. ಬಾಯಾರಿ ಕಂಬದ ಹಿಂದೆ ನಿಂತೋರು ಇದರ ಲೆಕ್ಕದಲ್ಲೇ ಇಲ್ಲ. ಹಾಗಂತ ಇದಕ್ಕೆ ಹೇಳಿಕೊಟ್ಟೋರು ನಾವೇ ಅಲ್ವಾ" ಎಂದಳು. ನಾನು ವರ್ಷವಿಡೀ ಕಾದದ್ದು ಆ ಒಂದು ಮಾತಿಗೆ. ಸ್ಪ್ಯಾನರ್ ಮಾತ್ರ, "ಕಂಬಕ್ಕೂ ಒಂದು ಕಣ್ಣು ಹಾಕಿದ್ರೆ ಆಯ್ತು ಬಿಡೆ" ಎಂದ. ಕಂಬದ ಹಿಂದಿನವರನ್ನು ಎಣಿಸಬೇಕೇ, ಎಣಿಸಿದರೆ ಬೆಲೆ ಯಾರಿಗೆ ಏರಬೇಕು ಎಂದು ಎಲ್ಲರೂ ಒಟ್ಟಿಗೆ ಕಿತ್ತಾಡುತ್ತಾ, ಸ್ಥಳ ಪರಿಶೀಲನೆಗೆಂದು ನನ್ನನ್ನೂ ಎಳೆದುಕೊಂಡು ಕೆಳಗಿಳಿದರು.

ಕಂಬದ ಹಿಂದೆ ಪ್ರಾಂಶುಪಾಲರು ನಿಂತಿದ್ದರು. ಕೈಯಲ್ಲಿ ಬೆಚ್ಚಗಾದ ನಾಣ್ಯಗಳು, ದೃಷ್ಟಿ ತಮ್ಮ ಕೆಂಪು ಅಂಕಿಗಳ ಮೇಲೆ. ನಾವೆಲ್ಲ ಬಂದು ತಮ್ಮೆದುರು ನಿಂತದ್ದರಿಂದ ಆ ಅಂಕಿ ನೋಡನೋಡುತ್ತಲೇ ಮುಗಿಲಿಗೇರಿತು. ಅವರು ನಮ್ಮನ್ನು ನೋಡಿದರು, ಅಂಕಿಯನ್ನು ನೋಡಿದರು, ಕೊನೆಗೆ ನನ್ನ ಹತ್ತಿರ ಸರಿದು ತಗ್ಗಿದ ದನಿಯಲ್ಲಿ, "ಇದನ್ನ ಇಳಿಸೋದು ಹೇಗಮ್ಮ" ಎಂದರು.

"ಅದು ಮುಂದಿನ ಪಾಠದಲ್ಲಿ ಬರುತ್ತೆ ಸರ್" ಎಂದೆ.

ಅವರು ನಾಣ್ಯಗಳನ್ನು ಜೇಬಿಗೆ ಇಳಿಸಿ, "ಹಾಗಾದ್ರೆ ಆ ಡ್ರಾಯಿಂಗ್ ವಿಚಾರ ಸೋಮವಾರ ಬೇಡ, ನಿಧಾನಕ್ಕೆ ನೋಡೋಣ. ನನಗೂ ಒಂದು ಕುರ್ಚಿ ಹಾಕಿಸಿ" ಎಂದರು.

ಹೀಗಾಗಿ, ಮಾನ್ಯರೇ, ಬೆಲೆಯೇರಿಕೆಯ ವಿರುದ್ಧ ಘೋಷಣೆ ಕೂಗಿ ಕೂಗಿಯೇ ದನಿ ಒಡೆದುಕೊಂಡಿರುವ ನಾನು, ನನ್ನ ಜನ್ಮದಲ್ಲಿ ಯಾರಲ್ಲೂ ಕೇಳದ ಒಂದು ಉಪಕಾರವನ್ನು ತಮ್ಮಲ್ಲಿ ಕೈಮುಗಿದು ಕೇಳುತ್ತೇನೆ: ಈ ವರ್ಷದ ಪಾಠಗಳು ಮುಗಿಯುವವರೆಗೆ ದಯವಿಟ್ಟು ಬೆಲೆ ಇಳಿಸಬೇಡಿ.

ತಮ್ಮ ವಿಶ್ವಾಸಿ,
ಮೇಲಿನ ಮಹಡಿಯ ಸಹೋದ್ಯೋಗಿ

ಮರೆತ ಮಾತು: ಈ ಪತ್ರವನ್ನು ತಮ್ಮೆದುರು ಒಬ್ಬಳೇ ನಿಂತು ಗಟ್ಟಿಯಾಗಿ ಓದಿದಾಗ ತಾವು ನನ್ನನ್ನು ಮೂವರೆಂದು ಎಣಿಸಿ ಬೆಲೆ ಏರಿಸಿದಿರಿ. ಸಂಬಳ ಕೊಡುವಾಗ ಈ ಸಂಸ್ಥೆ ನನ್ನನ್ನು ಅರ್ಧ ಮನುಷ್ಯಳೆಂದು ಎಣಿಸುತ್ತದೆ. ತಮ್ಮ ಆ ಕಣ್ಣನ್ನು ತಿಂಗಳಿಗೊಮ್ಮೆ ಲೆಕ್ಕಪತ್ರ ವಿಭಾಗಕ್ಕೆ ಎರವಲು ಕೊಡಲು ಸಾಧ್ಯವೇ?